ನೆಲದೊಳಗಿನ ನೀರನ್ನು ತೊಳೆಯುವ ವಿದ್ಯೆ



ಕಳೆದ ವರ್ಷ ಒಂಬತ್ತನೆಯ ತರಗತಿಯಲ್ಲಿ ನೀರಿನ ಪಾಠ ನಡೆದಿದ್ದಾಗ ಒಬ್ಬ ಹುಡುಗನು ಎದ್ದು ನಿಂತು ನಮ್ಮನ್ನು ಒಂದು ಪ್ರಶ್ನೆ ಕೇಳಿದನು. ಅವನ ತಂದೆಯವರು ಬೀದರದ ಕಡೆಯವರು. ಪಟಾನ್‌ಚೆರುವಿನ ಕಾರ್ಖಾನೆಯೊಂದರಲ್ಲಿ ದುಡಿಯುವವರು. “ನಾವು ಮೊದಲು ಆ ಕಡೆಯೇ ಇದ್ದೆವು ಗುರುಗಳೇ. ಮನೆಯ ಹಿಂದೆ ಬಾವಿಯಿತ್ತು. ಅದರ ನೀರನ್ನು ಬಟ್ಟೆ ಒಗೆಯುವುದಕ್ಕೂ ಮುಟ್ಟಬೇಡಿರೆಂದು ಮನೆಯ ಮಾಲೀಕರೇ ಹೇಳುತ್ತಿದ್ದರು. ಆ ನೀರು ಎಂದಾದರೂ ಸರಿಯಾದೀತೇ?” ಎಂದನು.

ಆ ದಿನ ನಾವು ಅವನಿಗೆ ಉತ್ತರ ಕೊಡಲಿಲ್ಲ. “ಸರಿಯಾದೀತು” ಎಂದು ಬಾಯುಪಚಾರಕ್ಕೆ ಹೇಳಿಬಿಡುವುದು ಸುಲಭವಾಗಿತ್ತು. “ಆಗದು” ಎಂದು ಕೈಚೆಲ್ಲುವುದು ಅದಕ್ಕಿಂತಲೂ ಸುಲಭವಾಗಿತ್ತು. ಎರಡೂ ಪೂರ್ಣ ಸತ್ಯವಲ್ಲ. ಆದುದರಿಂದ ತರಗತಿಯವರೆಲ್ಲ ಸೇರಿ ಮೊದಲು ಒಂದು ಪ್ರಯೋಗವನ್ನು ಮಾಡಿದೆವು.

ಅಗಲ ಬಾಯಿಯ ಒಂದು ಗಾಜಿನ ಭರಣಿಯನ್ನು ತಂದು ಅದರಲ್ಲಿ ತೊಳೆದ ಮರಳನ್ನು ತುಂಬಿದೆವು. ಮರಳಿನ ನಡುವೆ, ಗಣೇಶನ ಹಬ್ಬದಲ್ಲಿ ಮಿಕ್ಕಿದ್ದ ಜೇಡಿಮಣ್ಣಿನ ಒಂದು ಹಿಡಿ ಗಾತ್ರದ ಉಂಡೆಯನ್ನು ಹೂಳಿದೆವು. ಮೇಲಿಂದ ಸ್ವಲ್ಪ ನೀಲಿ ಶಾಯಿಯನ್ನು ಸುರಿದು, ಮರಳು ನೆನೆಯುವಷ್ಟು ನೀರು ಹಾಕಿ, ಒಂದು ವಾರ ಹಾಗೆಯೇ ಬಿಟ್ಟೆವು. ಬಳಿಕ ತಳಮುಟ್ಟ ಒಂದು ಕೊಳವೆಯನ್ನಿಳಿಸಿ, ಸೂಜಿಯಿಲ್ಲದ ಸಿರಿಂಜಿನಿಂದ ನೀರನ್ನು ಎಳೆದು ತೆಗೆಯುವುದು, ಮೇಲಿಂದ ಹೊಸ ನೀರನ್ನು ಹಾಕುವುದು, ಹೀಗೆ ಮಾಡುತ್ತ ಹೋದೆವು. ಮೊದಲ ಸಲ ಬಂದ ನೀರು ಕಡುನೀಲಿ. ನಾಲ್ಕನೆಯ ಸಲ ತಿಳಿನೀಲಿ. ಹನ್ನೆರಡನೆಯ ಸಲ ನೀರು ಹೆಚ್ಚು ಕಡಿಮೆ ತಿಳಿಯಾಗಿ ಬಂದಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಅದು ಶನಿವಾರ. ಸೋಮವಾರ ಬಂದು ಮತ್ತೆ ನೀರು ತೆಗೆದರೆ ಅದು ಪುನಃ ನೀಲಿಯಾಗಿದ್ದಿತು!

ಈ ಬಣ್ಣವೆಲ್ಲಿಂದ ಬಂದಿತು? ಜೇಡಿಮಣ್ಣಿನ ಉಂಡೆಯೊಳಗಿನಿಂದ. ಶಾಯಿಯು ವಾರವೆಲ್ಲ ಮೆಲ್ಲಮೆಲ್ಲನೆ ಅದರೊಳಕ್ಕೆ ಇಳಿದಿದ್ದಿತು. ಈಗ ಸುತ್ತಲೂ ಶುದ್ಧ ನೀರು ಬಂದೊಡನೆ ಅಷ್ಟೇ ಮೆಲ್ಲನೆ ಹೊರಬರತೊಡಗಿತು. ಮರಳಿನ ಸಂದುಗಳಲ್ಲಿದ್ದ ನೀರನ್ನು ಒಂದು ದಿನದಲ್ಲಿ ತೊಳೆದೆವು. ಮಣ್ಣಿನ ಹೊಟ್ಟೆಯೊಳಗೆ ಸೇರಿದ್ದನ್ನು ತೊಳೆಯಲಾಗಲಿಲ್ಲ. ಕಲುಷಿತ ನೆಲದ ವಿಷಯದಲ್ಲಿ ಮುಖ್ಯವಾಗಿ ತಿಳಿದುಕೊಳ್ಳತಕ್ಕ ಮಾತು ಇದೇ: ನೆಲವು ಕೊಳೆಯನ್ನು ಮೆಲ್ಲನೆ ಕುಡಿಯುತ್ತದೆ, ಮೆಲ್ಲನೆ ಮರಳಿ ಕೊಡುತ್ತದೆ. ಕೆಡಿಸಲು ಒಂದು ರಾತ್ರಿ ಸಾಕು. ತೊಳೆಯಲು ಕೆಲವು ಕಡೆ ಒಂದು ತಲೆಮಾರೂ ಸಾಲದು.

ನಮ್ಮ ಹೈದರಾಬಾದಿನ ನೆಲವಂತೂ ಬರಿಯ ಮರಳಲ್ಲ. ಗೋಲ್ಕೊಂಡೆಯ ಸುತ್ತ ನೀವು ಕಂಡಿರುವ ಗ್ರಾನೈಟು ಬಂಡೆಗಳೇ ನಮ್ಮ ಕಾಲಕೆಳಗೂ ಇವೆ. ಮೇಲೆ ಶಿಥಿಲವಾದ ಕಲ್ಲುಮಣ್ಣು, ಅದರ ಕೆಳಗೆ ಬಿರುಕು ಬಿಟ್ಟ ಬಂಡೆ. ನೀರು ಈ ಎರಡರಲ್ಲಿ ಇರುತ್ತದೆ. ಬಿರುಕು ಯಾವ ಕಡೆ ತಿರುಗಿದೆಯೋ ಕೊಳೆಯೂ ಆ ಕಡೆಗೇ ಹೋಗುತ್ತದೆ. ಆದುದರಿಂದ ಹತ್ತು ಮಾರು ದೂರದ ಎರಡು ಬಾವಿಗಳಲ್ಲಿ ಒಂದು ಕೆಟ್ಟು, ಇನ್ನೊಂದು ಚೆನ್ನಾಗಿರುವುದೂ ಉಂಟು. ಕೊಳೆಯ ಜಾತಿಯೂ ಒಂದೇ ಬಗೆಯದಲ್ಲ. ಪೆಟ್ರೋಲು ನೀರಿಗಿಂತ ಹಗುರಾದುದು. ಅಂತರ್ಜಲದ ಮೇಲೆ ತೇಲುತ್ತದೆ. ಯಂತ್ರಗಳ ಜಿಡ್ಡು ತೆಗೆಯಲು ಬಳಸುತ್ತಿದ್ದ ಟ್ರೈಕ್ಲೋರೋಎಥಿಲೀನ್ ಎಂಬ ದ್ರವವು ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರವುಳ್ಳದ್ದು. ನೀರನ್ನು ಸೀಳಿಕೊಂಡು ತಳಕ್ಕಿಳಿದು ಬಿರುಕುಗಳಲ್ಲಿ ಅಡಗಿ ಕುಳಿತುಕೊಳ್ಳುತ್ತದೆ. ಎರಡಕ್ಕೂ ಒಂದೇ ಚಿಕಿತ್ಸೆಯಲ್ಲ.

ಈ ವಿದ್ಯೆಯು ಜಗತ್ತಿನ ಗಮನಕ್ಕೆ ಬಂದುದು ಒಂದು ಶಾಲೆಯ ನೆಲದಿಂದ ಎಂಬುದನ್ನು ನೀವು ತಿಳಿದಿರಬೇಕು. ಅಮೆರಿಕದ ನಯಾಗರ ಫಾಲ್ಸ್ ಎಂಬ ಊರಿನಲ್ಲಿ ವಿಲಿಯಂ ಲವ್ ಎಂಬಾತನು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಒಂದು ಕಾಲುವೆಯನ್ನು ತೋಡಲು ತೊಡಗಿ ಅರ್ಧಕ್ಕೇ ಬಿಟ್ಟನು. ೧೯೪೨ರಿಂದ ೧೯೫೩ರವರೆಗೆ ಹೂಕರ್ ಎಂಬ ರಾಸಾಯನಿಕ ಕಂಪನಿಯು ಆ ತಗ್ಗಿನಲ್ಲಿ ಸುಮಾರು ೨೧,೦೦೦ ಟನ್ನುಗಳಷ್ಟು ತ್ಯಾಜ್ಯವನ್ನು ಹೂಳಿ, ಮೇಲೆ ಮಣ್ಣು ಮುಚ್ಚಿತು. ಅನಂತರ ಆ ಜಾಗವನ್ನು ಊರಿನ ಶಾಲಾಮಂಡಳಿಗೆ ಒಂದು ಡಾಲರಿಗೆ ಮಾರಿತು. ಒಳಗೆ ರಾಸಾಯನಿಕಗಳಿವೆಯೆಂಬ ಮಾತು ಕ್ರಯಪತ್ರದಲ್ಲಿಯೇ ಇದ್ದರೂ ಅಲ್ಲಿ ಶಾಲೆ ಎದ್ದಿತು, ಸುತ್ತಲೂ ಮನೆಗಳೆದ್ದವು. ೧೯೭೦ರ ದಶಕದ ಮಳೆ ಹಿಮಗಳಿಂದ ನೆಲದೊಳಗಿನ ನೀರು ಮೇಲೇರಿದಾಗ, ಹೂಳಿದ್ದುದು ಮನೆಗಳ ನೆಲಮಾಳಿಗೆಗಳಲ್ಲಿ ಒಸರತೊಡಗಿತು. ಲೋಯಿಸ್ ಗಿಬ್ಸ್ ಎಂಬ ತಾಯಿಯ ಮಗನು ಅದೇ ಶಾಲೆಯಲ್ಲಿ ಓದುತ್ತಿದ್ದು ಅಸ್ವಸ್ಥನಾದನು. ಆಕೆ ವಿಜ್ಞಾನಿಯಲ್ಲ, ಅಧಿಕಾರಿಯಲ್ಲ. ಮನೆಮನೆಯ ಬಾಗಿಲು ತಟ್ಟಿ, ಯಾರ ಮನೆಯಲ್ಲಿ ಯಾವ ಕಾಯಿಲೆಯೆಂದು ಕೇಳಿ ಬರೆದುಕೊಂಡಳು, ನೆರೆಯವರನ್ನು ಕೂಡಿಸಿದಳು. ೧೯೭೮ರ ಆಗಸ್ಟಿನಲ್ಲಿ ಶಾಲೆ ಮುಚ್ಚಿತು. ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು ತುರ್ತು ಸ್ಥಿತಿಯನ್ನು ಸಾರಿದರು. ಕಡೆಗೆ ಒಂಬೈನೂರಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟವು. ೧೯೮೦ರಲ್ಲಿ ಆ ದೇಶವು ಕಲುಷಿತ ಸ್ಥಳಗಳ ಶುದ್ಧೀಕರಣಕ್ಕಾಗಿ ‘ಸೂಪರ್‌ಫಂಡ್’ ಎಂಬ ಕಾಯಿದೆಯನ್ನು ಮಾಡಿತು. ಲವ್ ಕಾಲುವೆಯನ್ನು ಅತಿ ಕಲುಷಿತ ಸ್ಥಳಗಳ ಪಟ್ಟಿಯಿಂದ ತೆಗೆದುದು ೨೦೦೪ರಲ್ಲಿ. ಆಗಲೂ ಕೊಳೆಯನ್ನು ಅಗೆದು ತೆಗೆದಿರಲಿಲ್ಲ. ಮೇಲೆ ಹೊದಿಕೆ ಹಾಕಿ, ಸುತ್ತ ಕೊಳವೆಗಳನ್ನಿಟ್ಟು, ಒಸರುವ ನೀರನ್ನು ಹಿಡಿದು ಶುದ್ಧಮಾಡುವ ಏರ್ಪಾಡಾಗಿದ್ದಿತು.

ಕಾಯಿದೆ ಬಂದ ಮೇಲೆ ಇನ್ನೊಂದು ಕೊರತೆ ಕಂಡುಬಂದಿತು. ಹಣವಿದ್ದರೂ ಕೆಲಸ ಬಲ್ಲವರು ಬೇಕಲ್ಲವೇ? ವಿಷದ ನೆಲದಲ್ಲಿ ಗುದ್ದಲಿ ಹಾಕುವವನಿಗೂ ಜೀವವಿದೆ. ಆದುದರಿಂದ ಅಂಥ ಸ್ಥಳಗಳಲ್ಲಿ ದುಡಿಯುವವರಿಗೆ ಮೊದಲು ೪೦ ಗಂಟೆಗಳ ಪಾಠ, ಬಳಿಕ ಬಲ್ಲವರ ಕಣ್ಣಮುಂದೆ ಮೂರು ದಿನಗಳ ಕೆಲಸ, ಮುಂದೆ ವರ್ಷವರ್ಷವೂ ೮ ಗಂಟೆಗಳ ಮರುಪಾಠ ಎಂಬ ನಿಯಮವು ಅಮೆರಿಕದಲ್ಲಿ ೧೯೯೦ರಿಂದ ಜಾರಿಗೆ ಬಂದಿತು. ಯಾವ ಹೊಗೆಗೆ ಯಾವ ಮುಖವಾಡ, ಕೈಗವಸನ್ನು ಮೈಗೆ ತಾಗದಂತೆ ಕಳಚುವುದು ಹೇಗೆ, ಜೊತೆಗಾರನು ಕುಸಿದರೆ ಮೊದಲು ಮಾಡತಕ್ಕದ್ದೇನು, ಇವೆಲ್ಲ ಆ ಪಾಠಗಳು. ವಿದ್ಯೆಯೆಂದರೆ ಪುಸ್ತಕವಷ್ಟೇ ಅಲ್ಲ. ಕೈಗವಸು ಕಳಚುವುದೂ ಒಂದು ವಿದ್ಯೆ.

ಇನ್ನು ಶುದ್ಧೀಕರಣದ ಕ್ರಮವನ್ನು ನೋಡೋಣ. ವೈದ್ಯನು ಮದ್ದಿಗಿಂತ ಮೊದಲು ನಾಡಿ ನೋಡುವಂತೆ ಇಲ್ಲಿಯೂ ಮೊದಲು ಪರೀಕ್ಷೆ. ಆ ನೆಲದಲ್ಲಿ ಹಿಂದೆ ಏನಿತ್ತು, ಏನನ್ನು ಎಲ್ಲಿ ಚೆಲ್ಲಿದರು ಎಂದು ಹಳೆಯ ಕಾಗದಗಳನ್ನೂ ಹಳೆಯ ಜನರನ್ನೂ ಕೇಳಬೇಕು. ಬಳಿಕ ಸಣ್ಣ ಬಾವಿಗಳನ್ನು ಕೊರೆದು ನೀರಿನ ಮಟ್ಟವನ್ನು ಅಳೆಯಬೇಕು. ಒಂದೇ ಗೆರೆಯಲ್ಲಿರದ ಮೂರು ಬಾವಿಗಳ ನೀರು ಸಮುದ್ರಮಟ್ಟದಿಂದ ಎಷ್ಟೆಷ್ಟು ಎತ್ತರದಲ್ಲಿದೆಯೆಂದು ತಿಳಿದರೆ, ಒಂದು ತ್ರಿಕೋಣ ಬರೆದು ಅಂತರ್ಜಲದ ಇಳಿಜಾರನ್ನು ಲೆಕ್ಕಹಾಕಬಹುದು. ರೇಖಾಗಣಿತದಿಂದೇನು ಪ್ರಯೋಜನವೆಂದು ಕೇಳುವವರು ಇದನ್ನು ನೆನಪಿಡಲಿ. ಮಾದರಿಯ ನೀರನ್ನು ತೆಗೆಯುವಾಗಲೂ ಎಚ್ಚರ ಬೇಕು. ಕೊಳವೆಯಲ್ಲಿ ಬಹುಕಾಲ ನಿಂತಿದ್ದ ನೀರನ್ನು ಮೊದಲು ಹೊರತೆಗೆದು, ನೆಲದಿಂದ ಹೊಸದಾಗಿ ಬಂದ ನೀರನ್ನೇ ಸೀಸೆಗೆ ತುಂಬಬೇಕು. ಅರಿಯದವನು ಕೊರೆದ ಬಾವಿಯು ಮೇಲಿನ ಕೊಳೆಗೆ ಕೆಳಗಿನ ಶುದ್ಧ ನೀರಿನ ದಾರಿ ತೋರಿಸಿಬಿಡುತ್ತದೆ.

ರೋಗ ತಿಳಿದ ಮೇಲೆ ಚಿಕಿತ್ಸೆ. ಕೆಟ್ಟ ಮಣ್ಣು ಸ್ವಲ್ಪವೇ ಇದ್ದರೆ ಅಗೆದು ತೆಗೆಯಬಹುದು; ತೆಗೆಯಲಾಗದಿದ್ದರೆ ಮಳೆನೀರು ಇಳಿಯದಂತೆ ಮುಚ್ಚಬಹುದು. ನೀರನ್ನು ಮೇಲೆತ್ತಿ, ಸೋಸಿ ಬಿಡುವುದು ಇನ್ನೊಂದು ದಾರಿ. ಅದರ ಮಿತಿಯನ್ನು ನಮ್ಮ ಭರಣಿಯೇ ತೋರಿಸಿತು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ರಾಬರ್ಟ್ ಗಿಲ್‌ಹಾಮ್ ಮತ್ತು ಅವರ ಸಂಗಡಿಗರು ಕಬ್ಬಿಣದ ಕಣಗಳ ಒಂದು ಗೋಡೆಯನ್ನು ನೀರು ಹರಿಯುವ ದಾರಿಗೆ ಅಡ್ಡಲಾಗಿ ನೆಲದೊಳಗೆ ಹೂಳುವ ಉಪಾಯವನ್ನು ೧೯೯೦ರ ದಶಕದಲ್ಲಿ ಬೆಳೆಸಿದರು. ನೀರು ತಾನಾಗಿ ಅದರೊಳಗೆ ಹಾದುಹೋಗುತ್ತದೆ; ಟ್ರೈಕ್ಲೋರೋಎಥಿಲೀನಿನಂಥ ದ್ರವಗಳು ಕಬ್ಬಿಣದ ಸಂಗದಿಂದ ಒಡೆದು ನಿರುಪದ್ರವವಾಗುತ್ತವೆ. ಪಂಪಿಲ್ಲ, ವಿದ್ಯುತ್ತಿಲ್ಲ. ಎಣ್ಣೆಯನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳಿಗೆ ಗಾಳಿ ಮತ್ತು ಪೋಷಕಗಳನ್ನು ಕೊಟ್ಟು ಅವುಗಳಿಂದಲೇ ನೆಲವನ್ನು ಶುದ್ಧಮಾಡಿಸುವುದುಂಟು. ಮಣ್ಣಿನೊಳಗಿನ ಆರ್ಸೆನಿಕವನ್ನು ಎಲೆಗಳಲ್ಲಿ ಶೇಖರಿಸಿಕೊಳ್ಳುವ ಒಂದು ಜರಿಗಿಡವನ್ನು ಫ್ಲಾರಿಡಾದ ವಿಜ್ಞಾನಿಗಳು ೨೦೦೧ರಲ್ಲಿ ವರದಿಮಾಡಿದರು.

ಈಗ ನಮ್ಮ ಸಮೀಪಕ್ಕೆ ಬರೋಣ. ಪಟಾನ್‌ಚೆರುವಿನ ಕೈಗಾರಿಕಾ ವಸಾಹತು ಬೆಳೆದುದು ೧೯೭೦ರ ದಶಕದಿಂದೀಚೆಗೆ. ಕಾರ್ಖಾನೆಗಳ ಕೊಳೆನೀರು ನಕ್ಕವಾಗು ಎಂಬ ಹಳ್ಳಕ್ಕೆ ಹರಿದು ಸುತ್ತಲಿನ ಹಳ್ಳಿಗಳ ಬಾವಿಗಳೂ ಹೊಲಗಳೂ ಕೆಟ್ಟವು. ಆ ಹಳ್ಳವು ಸೇರುವುದು ಮಂಜೀರಾ ನದಿಯನ್ನು. ನಿಮ್ಮಲ್ಲಿ ಹಲವರ ಹಿರಿಯರು ಬೀದರದಲ್ಲಿ ಕಂಡು ಬಂದ ಅದೇ ಮಂಜೀರಾ. ೧೯೯೦ರಲ್ಲಿ ಈ ದೂರು ಸುಪ್ರೀಂ ಕೋರ್ಟಿಗೆ ಹೋಯಿತು. ೧೯೯೪ರಲ್ಲಿ ಕಾರ್ಖಾನೆಗಳ ನೀರಿಗೆ ಒಂದು ಸಾಮೂಹಿಕ ಶುದ್ಧೀಕರಣ ಕೇಂದ್ರವಾಯಿತು. ಹೊಸ ಕೊಳೆಯನ್ನು ತಡೆಯುವುದು ಒಂದು ಕೆಲಸ, ಹಳೆಯ ಕೊಳೆಯನ್ನು ತೆಗೆಯುವುದು ಬೇರೊಂದು ಕೆಲಸ ಎಂಬುದನ್ನು ಇಲ್ಲಿ ಕಾಣಬೇಕು.

ಭೋಪಾಲದ ಸಂಗತಿಯೂ ಇದನ್ನೇ ಹೇಳುತ್ತದೆ. ೧೯೮೪ರ ಡಿಸೆಂಬರಿನ ವಿಷಾನಿಲದ ದುರಂತವನ್ನು ನೀವು ಕೇಳಿರುವಿರಿ. ಆ ಕಾರ್ಖಾನೆಯಲ್ಲಿ ಉಳಿದಿದ್ದ ಸುಮಾರು ೩೩೭ ಟನ್ ತ್ಯಾಜ್ಯವನ್ನು ೨೦೨೫ರ ಜನವರಿಯಲ್ಲಿ ಪೀಥಂಪುರಕ್ಕೆ ಸಾಗಿಸಿ ಅದೇ ವರ್ಷ ಸುಟ್ಟರು. ನಲವತ್ತು ವರ್ಷಗಳ ಬಳಿಕ! ಆದರೆ ಅದು ಚೀಲಗಳಲ್ಲಿ ಕಟ್ಟಿಟ್ಟಿದ್ದ ಭಾಗ ಮಾತ್ರ. ಶುದ್ಧಮಾಡಬೇಕಾದ ಮಣ್ಣೇ ಸುಮಾರು ೧೧ ಲಕ್ಷ ಟನ್ ಎಂದು ನಾಗಪುರದ ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯೂ ನಮ್ಮೂರಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯೂ ಕೂಡಿ ೨೦೧೦ರ ವೇಳೆಗೆ ಅಂದಾಜು ಮಾಡಿದ್ದವು.

ಕಲುಷಿತ ಸ್ಥಳಗಳಿಗೆಂದೇ ನಮ್ಮ ದೇಶದಲ್ಲಿ ೨೦೨೫ರ ಜುಲೈ ತಿಂಗಳಲ್ಲಿ ನಿಯಮಗಳು ಹೊರಟಿವೆ. ಕೆಡಿಸಿದವನೇ ಶುದ್ಧಿಯ ವೆಚ್ಚವನ್ನು ಹೊರತಕ್ಕದ್ದೆಂಬುದು ಅವುಗಳ ತಿರುಳು. ಆ ವೇಳೆಗೆ ದೇಶದಲ್ಲಿ ಇಂಥ ೧೦೩ ಸ್ಥಳಗಳನ್ನು ಗುರುತಿಸಿದ್ದರು. ಕೆಲಸ ತೊಡಗಿದ್ದುದು ಏಳರಲ್ಲಿ ಮಾತ್ರ. ಉಳಿದವನ್ನು ಯಾರು ಮಾಡಬೇಕು? ಈ ಪ್ರಶ್ನೆಯನ್ನು ನಾವು ನಿಮ್ಮ ಮುಂದೆಯೇ ಇಡುತ್ತೇವೆ.

ಈ ವಿದ್ಯೆಯನ್ನು ಕಲಿಯಲು ನೀವು ಬಹುದೂರ ಹೋಗಬೇಕಾಗಿಲ್ಲ. ಮೇಲೆ ಹೇಳಿದ ಭೂಭೌತ ಸಂಸ್ಥೆಯು ೧೯೬೧ರಿಂದ ಇರುವುದು ನಮ್ಮ ಉಪ್ಪಲ್ಲಿನಲ್ಲಿಯೇ. ಪರಿಸರ ರಕ್ಷಣೆಯ ತರಬೇತಿಗೆಂದು ೧೯೯೨ರಲ್ಲಿ ಸ್ಥಾಪಿತವಾದ ಸಂಸ್ಥೆಯೊಂದು ಗಚ್ಚಿಬೌಲಿಯಲ್ಲಿದೆ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಭೂಗರ್ಭಶಾಸ್ತ್ರವನ್ನು ಕಲಿಸುತ್ತಾರೆ. ಅಂತರ್ಜಲದ ತರಬೇತಿಗಾಗಿಯೇ ಕೇಂದ್ರ ಸರಕಾರದ ಒಂದು ಸಂಸ್ಥೆ ರಾಯಪುರದಲ್ಲಿದೆ. ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ, ಇವುಗಳಲ್ಲಿ ಯಾವ ಬಾಗಿಲಿನಿಂದ ಹೊಕ್ಕರೂ ಈ ಮನೆಯೊಳಕ್ಕೆ ದಾರಿಯಿದೆ. ಕನ್ನಡದಲ್ಲಿ ಓದಿದವರಿಗೆ ಇದು ಎಟುಕದೆಂದು ಅಂಜಬೇಡಿರಿ. ನಾವೂ ಕನ್ನಡದಲ್ಲಿಯೇ ಮೆಟ್ರಿಕ್ ಮುಗಿಸಿದವರು. ತಿಳಿವಳಿಕೆ ಗಟ್ಟಿಯಾಗಿದ್ದರೆ ಹೆಸರುಗಳನ್ನು ಇನ್ನೊಂದು ಭಾಷೆಯಲ್ಲಿ ಕಲಿಯಲು ಬಹಳ ದಿನ ಬೇಡ.

ಆ ಹುಡುಗನಿಗೆ ನಾವು ಕಡೆಗೆ ಕೊಟ್ಟ ಉತ್ತರ ಇದು: “ಸರಿಯಾದೀತಪ್ಪಾ, ಆದರೆ ತಾನಾಗಿ ಅಲ್ಲ; ಬೇಗನೆ ಅಲ್ಲ; ಎಲ್ಲ ಕಡೆ ಪೂರ್ತಿಯಾಗಿಯೂ ಅಲ್ಲ. ಬಲ್ಲವರು ಕೈಹಾಕಿ ವರುಷಗಟ್ಟಲೆ ಬಿಡದೆ ನಿಂತರೆ ಆದೀತು.” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಕಾರ್ಖಾನೆ ಮುಚ್ಚಬೇಕೇ ಗುರುಗಳೇ? ನಮ್ಮ ಅಪ್ಪನ ಕೆಲಸ?” ಎಂದನು. ನ್ಯಾಯವಾದ ಪ್ರಶ್ನೆ. ಅನೇಕ ಮನೆಗಳ ಒಲೆ ಉರಿಯುವುದು ಆ ಕಾರ್ಖಾನೆಗಳಿಂದಲೇ. ದುಡಿಮೆಯನ್ನು ನಾವು ಹಳಿಯುವುದಿಲ್ಲ. ಕೊಳೆಯನ್ನು ಕಣ್ಮರೆಯಾಗಿ ಹೂಳುವುದನ್ನು ಹಳಿಯುತ್ತೇವೆ. ಅನ್ನವನ್ನೂ ನೀರನ್ನೂ ಎರಡನ್ನೂ ಉಳಿಸುವುದನ್ನು ಬಲ್ಲವರು ಬೇಕಾಗಿದ್ದಾರೆ. ನಮ್ಮ ಭರಣಿಯು ಈಗಲೂ ತರಗತಿಯ ಕಿಟಕಿಯಲ್ಲಿದೆ. ಆ ಹುಡುಗನೇ ವಾರಕ್ಕೊಮ್ಮೆ ಅದರ ನೀರು ತೆಗೆದು ಬಣ್ಣವನ್ನು ಪುಸ್ತಕದಲ್ಲಿ ಗುರುತಿಸುತ್ತಾನೆ.

ಅಭ್ಯಾಸ

೧. ಮೇಲಿನ ಪ್ರಯೋಗವನ್ನು ಜೇಡಿಮಣ್ಣಿಲ್ಲದೆ ಒಮ್ಮೆ, ಜೇಡಿಮಣ್ಣಿನೊಡನೆ ಒಮ್ಮೆ ಮಾಡಿ, ನೀರು ತಿಳಿಯಾಗಲು ಎಷ್ಟು ಸಲ ತೆಗೆಯಬೇಕಾಯಿತೆಂದು ಬರೆಯಿರಿ.

೨. ನಿಮ್ಮ ಬೀದಿಯಲ್ಲಿ ಹಿಂದೆ ಬಾವಿಗಳಿದ್ದವೇ, ಅವುಗಳ ನೀರು ಹೇಗಿತ್ತು ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳಿರಿ.

೩. ಬಳಸಿದ ಇಂಜಿನ್ ಎಣ್ಣೆ, ಹಳೆಯ ಬ್ಯಾಟರಿ, ಮಿಕ್ಕ ಬಣ್ಣ, ಇವು ನಿಮ್ಮ ಮನೆಯಿಂದ ಎಲ್ಲಿಗೆ ಹೋಗುತ್ತವೆ? ಅಲ್ಲಿಂದ ಮುಂದೆ ಎಲ್ಲಿಗೆ?