ಎಳೆ ಕಡಿದರೆ ನಿಲ್ಲುವ ಮಗ್ಗ (ಟೊಯೊಟಾ ಕಂಪನಿಯ ಕಥೆ)

 

ನಮ್ಮೂರ ಬಸ್‌ಸ್ಟ್ಯಾಂಡಿನ ಅರಳಿಮರದ ಕೆಳಗೆ ಒಂದು ಬಿಳಿ ಕ್ವಾಲಿಸ್ ನಿಲ್ಲುವುದನ್ನು ನೀವೆಲ್ಲ ನೋಡಿದ್ದೀರಿ. ಮದುವೆಗೆ, ಧರ್ಮಸ್ಥಳಕ್ಕೆ, ರಾತ್ರಿ ಹೊತ್ತು ಆಸ್ಪತ್ರೆಗೆ, ಎಲ್ಲದಕ್ಕೂ ಅದೇ ಗಾಡಿ. ಒಂದು ದಿನ ಅದರ ಡ್ರೈವರ್ ಮಾವನನ್ನು, "ಇಷ್ಟು ಹಳೇ ಗಾಡಿ ಇನ್ನೂ ಹೆಂಗೆ ಓಡ್ತಾ ಇದೆ ಮಾವ?" ಅಂತ ಕೇಳಿದೆ. "ಟೊಯೊಟಾ ಕಣೋ ಮರಿ, ಅದು ಕೆಡಲ್ಲ" ಅಂದರು. ಯಾಕೆ ಕೆಡಲ್ಲ ಅಂದದ್ದಕ್ಕೆ, "ಜಪಾನಿನವರು ಮಾಡಿರೋದು, ಅದಕ್ಕೇ" ಅಂತ ಹೇಳಿ ಗಾಜು ಒರೆಸತೊಡಗಿದರು.

ಇದು ಸರಿಯಾದ ಉತ್ತರವಲ್ಲ ಎಂದು ನನಗೆ ಅನ್ನಿಸಿತು. ಏಕೆಂದರೆ ಇದೇ ಕಂಪನಿಯ ಮೊದಲ ಲಾರಿಗಳು ದಾರಿಯಲ್ಲಿ ಕೆಟ್ಟು ಕೆಟ್ಟು ನಿಲ್ಲುತ್ತಿದ್ದವು. ಮಾಡಿದವರು ಆಗಲೂ ಜಪಾನಿನವರೇ! ಹಾಗಾದರೆ ಈ ಒಳ್ಳೆಯ ಹೆಸರು ಎಲ್ಲಿಂದ ಬಂತು? ನಾನು ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಲೇಖನ ಸ್ವಲ್ಪ ಉದ್ದ ಇದೆ. ಒಂದು ವಿರಾಮದಲ್ಲಿ ಮುಗಿಯದಿದ್ದರೆ ಎರಡು ವಿರಾಮದಲ್ಲಿ ಓದಿ.

ಬಡಗಿಯ ಮಗ

ಕಥೆ ಶುರುವಾಗುವುದು ಕಾರಿನಿಂದ ಅಲ್ಲ, ಮಗ್ಗದಿಂದ. ಸಾಕಿಚಿ ಟೊಯೊಡಾ ಎಂಬುವವರು 1867ರಲ್ಲಿ ಜಪಾನಿನ ಒಂದು ಹಳ್ಳಿಯಲ್ಲಿ ಹುಟ್ಟಿದರು. ಅವರ ತಂದೆ ಬಡಗಿ, ತಾಯಿ ಮನೆಯಲ್ಲಿ ಮಗ್ಗ ನೇಯುತ್ತಿದ್ದರು. ತಾಯಿ ಪಡುವ ಕಷ್ಟ ನೋಡಿ, ನೇಯುವ ಕೆಲಸ ಹಗುರ ಮಾಡಬೇಕೆಂದು ಹುಡುಗನಿಗೆ ಆಸೆ ಹುಟ್ಟಿತಂತೆ. ತಂದೆಯಿಂದ ಕಲಿತ ಮರಗೆಲಸವೇ ಅವರ ವಿದ್ಯೆ. 1890ರಲ್ಲಿ ಒಂದೇ ಕೈಯಲ್ಲಿ ಲಾಳಿ ಓಡಿಸಬಹುದಾದ ಮರದ ಮಗ್ಗ ಮಾಡಿ, ಮುಂದಿನ ವರ್ಷ ಅದಕ್ಕೆ ಪೇಟೆಂಟ್ ಪಡೆದರು. ಆಮೇಲೆ ಯಂತ್ರದಿಂದ ಓಡುವ ಮಗ್ಗದ ಕಡೆ ತಿರುಗಿದರು.

ಯಂತ್ರದ ಮಗ್ಗದಲ್ಲಿ ಒಂದು ತೊಂದರೆ ಇದೆ. ಕೈಮಗ್ಗದಲ್ಲಾದರೆ ಎಳೆ ಕಡಿದ ಕೂಡಲೇ ನೇಕಾರನ ಕಣ್ಣಿಗೆ ಬೀಳುತ್ತದೆ, ಅವನು ನಿಲ್ಲಿಸಿ ಗಂಟು ಹಾಕುತ್ತಾನೆ. ಯಂತ್ರಕ್ಕೆ ಕಣ್ಣಿಲ್ಲ. ಎಳೆ ಕಡಿದರೂ ಅದು ದಡದಡ ಅಂತ ನೇಯುತ್ತಲೇ ಹೋಗುತ್ತದೆ, ಗಜಗಟ್ಟಲೆ ಬಟ್ಟೆ ಹಾಳಾಗುತ್ತದೆ. ಅದನ್ನು ತಪ್ಪಿಸಬೇಕಾದರೆ ಮಗ್ಗದ ಮುಂದೆ ಒಬ್ಬರು ಕಣ್ಣು ಮಿಟುಕಿಸದೆ ನಿಂತಿರಬೇಕು. ಹಾಗಾದರೆ ಯಂತ್ರ ಬಂದು ಏನು ಲಾಭ?

ಸಾಕಿಚಿಯವರು ವರ್ಷಗಟ್ಟಲೆ ಇದೇ ಯೋಚನೆಯಲ್ಲಿದ್ದರು. 1924ರಲ್ಲಿ ಅವರ 'ಜಿ' ಮಾದರಿಯ ಮಗ್ಗ ಪೂರ್ತಿಯಾಯಿತು. ಓಡುತ್ತಿರುವಾಗಲೇ ಅದು ತಾನೇ ಲಾಳಿ ಬದಲಾಯಿಸಿಕೊಳ್ಳುತ್ತಿತ್ತು. ಹಾಸಿನ ಎಳೆಯಾಗಲಿ ಹೊಕ್ಕಿನ ಎಳೆಯಾಗಲಿ ಕಡಿದರೆ ತಾನಾಗಿಯೇ ನಿಂತುಬಿಡುತ್ತಿತ್ತು. ಇಂಥ ಮಗ್ಗಗಳಲ್ಲಿ ಹಾಸಿನ ಪ್ರತಿ ಎಳೆಯ ಮೇಲೂ ತೆಳುವಾದ ಒಂದು ಲೋಹದ ಪಟ್ಟಿ ತೂಗುತ್ತಿರುತ್ತದೆ. ಎಳೆ ಬಿಗಿಯಾಗಿರುವ ತನಕ ಪಟ್ಟಿ ಮೇಲೆ, ಎಳೆ ಕಡಿದರೆ ಪಟ್ಟಿ ಕೆಳಗೆ. ಬಿದ್ದ ಪಟ್ಟಿಯೇ ಮಗ್ಗದ ಓಟವನ್ನು ತಡೆಯುತ್ತದೆ. ನೋಡಿ, ಎಷ್ಟು ಸುಲಭವಾದ ಉಪಾಯ! ನಿಂತ ಮಗ್ಗದ ಹತ್ತಿರ ಹೋದರೆ ಸಾಕು, ಒಬ್ಬರೇ ಹತ್ತಾರು ಮಗ್ಗ ನೋಡಿಕೊಳ್ಳಬಹುದು.

ಈ ಗುಣಕ್ಕೆ ಜಪಾನಿಯಲ್ಲಿ 'ಜಿದೋಕಾ' ಎನ್ನುತ್ತಾರೆ. ಸ್ವಯಂಚಾಲನೆ ಎಂಬುದಕ್ಕೂ ಅವರಲ್ಲಿ ಅದೇ ಶಬ್ದ. ಆದರೆ ಟೊಯೊಟಾದವರು ಬರೆಯುವಾಗ ನಡುವಿನ ಅಕ್ಷರಕ್ಕೆ 'ಮನುಷ್ಯ' ಎಂಬ ಅರ್ಥದ ಗೆರೆಗಳನ್ನು ಸೇರಿಸಿ ಬರೆಯುತ್ತಾರೆ. ಮನುಷ್ಯನ ಬುದ್ಧಿ ಇರುವ ಯಂತ್ರ ಅಂತ.

1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಎಂಬ ಹೆಸರಾಂತ ಮಗ್ಗದ ಕಂಪನಿ ಈ ಪೇಟೆಂಟನ್ನು ಒಂದು ಲಕ್ಷ ಪೌಂಡಿಗೆ ಒಪ್ಪಂದ ಮಾಡಿಕೊಂಡಿತು. ಬಟ್ಟೆಯ ಯಂತ್ರಕ್ಕೆ ಹೆಸರಾದ ಇಂಗ್ಲೆಂಡೇ ಒಬ್ಬ ಬಡಗಿಯ ಮಗನ ಹತ್ತಿರ ಬಂದಿತು. ಇದನ್ನು ಓದಿ ನನಗೆ ಬಹಳ ಖುಷಿಯಾಯಿತು.

ಮಗ್ಗದ ಕಾರ್ಖಾನೆಯಲ್ಲಿ ಕಾರು

ಸಾಕಿಚಿಯವರು 1930ರಲ್ಲಿ ತೀರಿಕೊಂಡರು. ಅವರ ಮಗ ಕಿಇಚಿರೊ ಇಂಜಿನಿಯರಿಂಗ್ ಓದಿದವರು, ಅವರಿಗೆ ಕಾರಿನ ಹುಚ್ಚು. ಆ ಕಾಲದಲ್ಲಿ ಜಪಾನಿನ ರಸ್ತೆಯಲ್ಲಿ ಓಡುತ್ತಿದ್ದುದೆಲ್ಲ ಹೆಚ್ಚಾಗಿ ಅಮೆರಿಕದ ಗಾಡಿಗಳು. ಫೋರ್ಡ್ ಕಂಪನಿ 1925ರಲ್ಲಿ ಯೊಕೊಹಾಮಾದಲ್ಲಿ, ಜನರಲ್ ಮೋಟಾರ್ಸ್ 1927ರಲ್ಲಿ ಒಸಾಕಾದಲ್ಲಿ ಬಿಡಿಭಾಗ ತಂದು ಜೋಡಿಸುವ ಕಾರ್ಖಾನೆ ಹಾಕಿದ್ದವು. ಕಿಇಚಿರೊ 1933ರಲ್ಲಿ ಮಗ್ಗದ ಕಾರ್ಖಾನೆಯೊಳಗೇ ಮೋಟಾರು ವಿಭಾಗ ತೆರೆದರು. 1935ರಲ್ಲಿ ಮೊದಲ ಮಾದರಿ ಕಾರು ಮತ್ತು 'ಜಿ-1' ಎಂಬ ಲಾರಿ, 1936ರಲ್ಲಿ 'ಎಎ' ಎಂಬ ಕಾರು ಬಂದವು.

ನಾನು ಮೊದಲೇ ಹೇಳಿದ ಕೆಟ್ಟು ನಿಲ್ಲುವ ಲಾರಿ ಈ ಜಿ-1. ಅದಕ್ಕೇ ಮೊದಮೊದಲು ಇದನ್ನು ಕಾರ್ಖಾನೆಗೆ ಹತ್ತಿರದ ಊರುಗಳಲ್ಲಿ ಮಾತ್ರ ಮಾರಿದರಂತೆ. ಕೆಟ್ಟರೆ ಬೇಗ ಹೋಗಿ ರಿಪೇರಿ ಮಾಡಬಹುದಲ್ಲ! ಕೆಟ್ಟ ಜಾಗಕ್ಕೇ ಹೋಗಿ, ಯಾವ ಭಾಗ ಮುರಿಯಿತು, ಯಾಕೆ ಮುರಿಯಿತು ಎಂದು ನೋಡಿ ಬಂದು ತಿದ್ದುವುದು ಅವರ ರೂಢಿಯಾಯಿತು.

ಹೆಸರಿನ ವಿಷಯ ಹೇಳಲು ಮರೆತೆ. ಮನೆತನದ ಹೆಸರು ಟೊಯೊಡಾ, ಕಾರಿನ ಹೆಸರು ಟೊಯೊಟಾ. 1936ರಲ್ಲಿ ಗುರುತಿನ ಚಿಹ್ನೆಗಾಗಿ ಸ್ಪರ್ಧೆ ಇಟ್ಟರು, ಸುಮಾರು 27,000 ಚಿತ್ರಗಳು ಬಂದವು. ಟೊಯೊಟಾ ಎಂದು ಜಪಾನಿ ಲಿಪಿಯಲ್ಲಿ ಬರೆದರೆ ಎಂಟು ಗೆರೆ, ಟೊಯೊಡಾ ಎಂದರೆ ಹತ್ತು. ಎಂಟು ಅವರಲ್ಲಿ ಶುಭ ಸಂಖ್ಯೆ. ನಮ್ಮಲ್ಲಿ ನಂಬರ್ ನೋಡಿ ಗಾಡಿ ಕೊಳ್ಳುವವರು ಇರುವ ಹಾಗೆ! 1937ರ ಆಗಸ್ಟ್ 28ರಂದು ಟೊಯೊಟಾ ಮೋಟಾರ್ ಕಂಪನಿ ಬೇರೆಯಾಗಿ ಸ್ಥಾಪನೆಯಾಯಿತು. ಕಾರ್ಖಾನೆ ಇದ್ದ ಕೊರೊಮೊ ಎಂಬ ಊರಿಗೆ 1959ರಲ್ಲಿ ಟೊಯೊಟಾ ನಗರ ಎಂದೇ ಹೆಸರಿಟ್ಟರು.

ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಸೋತು ನೆಲಕಚ್ಚಿತು. ಕಂಪನಿಯಲ್ಲಿ ಸಂಬಳಕ್ಕೂ ಹಣವಿಲ್ಲದ ಸ್ಥಿತಿ. 1950ರಲ್ಲಿ ಬಹಳಷ್ಟು ಜನರನ್ನು ಕೆಲಸದಿಂದ ಬಿಡಿಸಬೇಕಾಯಿತು, ಕಾರ್ಮಿಕರು ಮುಷ್ಕರ ಹೂಡಿದರು. ಆ ಜೂನ್‌ನಲ್ಲಿ ಕಿಇಚಿರೊ ತಾವೂ ರಾಜೀನಾಮೆ ಕೊಟ್ಟರು. ಅದೇ ತಿಂಗಳ ಕೊನೆಯಲ್ಲಿ ಕೊರಿಯಾದ ಯುದ್ಧ ಶುರುವಾಗಿ ಅಮೆರಿಕದ ಸೈನ್ಯದಿಂದ ಲಾರಿಗಳ ಆರ್ಡರ್ ಬಂತು, ಕಂಪನಿ ಉಳಿಯಿತು. ಪಕ್ಕದ ದೇಶದ ಕೇಡಿನಿಂದ ಇವರು ಬದುಕಿದರು ಎಂಬುದನ್ನೂ ಮರೆಯಬಾರದು. ಕಿಇಚಿರೊ 1952ರಲ್ಲಿ ತೀರಿಕೊಂಡರು, ಆಗ ಅವರಿಗೆ 57 ವರ್ಷ.

ಹಗ್ಗ ಎಳೆಯುವ ಹಕ್ಕು

ಈ ಲೇಖನದ ಮುಖ್ಯ ವಿಷಯ ಈಗ ಬರುತ್ತದೆ. ತೈಇಚಿ ಓನೊ ಎಂಬುವವರು ಮೊದಲು ಟೊಯೊಡಾ ನೂಲಿನ ಗಿರಣಿಯಲ್ಲಿದ್ದವರು. 1943ರಲ್ಲಿ ಕಾರಿನ ಕಾರ್ಖಾನೆಗೆ ಬಂದರು. ಮಗ್ಗಕ್ಕೆ ಇದ್ದ ಬುದ್ಧಿ ಕಾರಿನ ಕಾರ್ಖಾನೆಗೆ ಯಾಕೆ ಇರಬಾರದು ಎಂಬುದು ಅವರ ಪ್ರಶ್ನೆ.

ಕಾರಿನ ಕಾರ್ಖಾನೆಯಲ್ಲಿ ಕಾರುಗಳು ಸಾಲಾಗಿ ಮುಂದೆ ಸರಿಯುತ್ತಿರುತ್ತವೆ, ಪ್ರತಿಯೊಬ್ಬರೂ ತಮ್ಮ ಪಾಲಿನ ಭಾಗ ಜೋಡಿಸುತ್ತಾರೆ. ಅಮೆರಿಕದ ಕಾರ್ಖಾನೆಗಳಲ್ಲಿ ಈ ಸಾಲನ್ನು ನಿಲ್ಲಿಸುವುದೆಂದರೆ ದೊಡ್ಡ ಅಪರಾಧ. ನಟ್ಟು ಸರಿಯಾಗಿ ಕೂರದಿದ್ದರೂ ಮುಂದೆ ಬಿಡು, ಕೊನೆಯಲ್ಲಿ ಯಾರಾದರೂ ನೋಡಿಕೊಳ್ತಾರೆ ಅನ್ನುವ ಪದ್ಧತಿ. ಓನೊ ಇದನ್ನು ತಿರುಗಿಸಿದರು. ತಪ್ಪು ಕಂಡರೆ ಸಾಲನ್ನು ನಿಲ್ಲಿಸುವ ಅಧಿಕಾರವನ್ನು ಅಲ್ಲಿ ಕೆಲಸ ಮಾಡುವವನಿಗೇ ಕೊಟ್ಟರು. ತಲೆಯ ಮೇಲೆ ಒಂದು ಹಗ್ಗ ಇರುತ್ತದೆ. ಎಳೆದರೆ ದೀಪ ಹತ್ತುತ್ತದೆ, ಮೇಲಿನವರು ಓಡಿ ಬರುತ್ತಾರೆ. ಬಂದವರು ಬೈಯುವುದಿಲ್ಲ, ಏನಾಯಿತು ಎಂದು ಕೇಳುತ್ತಾರೆ. ಆ ಜಾಗದ ಕೆಲಸ ಮುಗಿಯುವುದರೊಳಗೆ ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ.

ಇನ್ನೊಂದು ಉಪಾಯ 'ಕನ್‌ಬನ್'. ಅಂದರೆ ಫಲಕ, ಚೀಟಿ. ಅಮೆರಿಕದ ಸೂಪರ್ ಮಾರ್ಕೆಟ್‌ನಲ್ಲಿ ಗಿರಾಕಿ ಎಷ್ಟು ತೆಗೆದುಕೊಂಡನೋ ಅಷ್ಟನ್ನೇ ಮತ್ತೆ ತುಂಬಿಸುತ್ತಾರೆ. ಹಾಗೆಯೇ ಮುಂದಿನವನು ಭಾಗ ತೆಗೆದುಕೊಂಡು ಚೀಟಿ ಕಳಿಸಿದ ಮೇಲೆ ಮಾತ್ರ ಹಿಂದಿನವನು ಮತ್ತೆ ತಯಾರಿಸಬೇಕು. ರಾಶಿ ಹಾಕುವ ಹಾಗಿಲ್ಲ. ರಾಶಿ ಇದ್ದರೆ ಕೆಟ್ಟ ಭಾಗ ಅದರಡಿಯಲ್ಲಿ ಬಚ್ಚಿಟ್ಟುಕೊಳ್ಳುತ್ತದೆ ಎಂಬುದು ಅವರ ಲೆಕ್ಕ. ನಮ್ಮಲ್ಲಿ ಮೂಟೆಗಟ್ಟಲೆ ಈರುಳ್ಳಿ ಪೇರಿಸಿಟ್ಟರೆ ಅಡಿಯ ಕೊಳೆ ಕಾಣುತ್ತದೆಯೇ?

ಮೂರನೆಯದು ಐದು ಸಲ 'ಏಕೆ' ಎಂದು ಕೇಳುವುದು. ಓನೊ ಕೊಡುತ್ತಿದ್ದ ಉದಾಹರಣೆ ಇದು. ಯಂತ್ರ ಏಕೆ ನಿಂತಿತು? ಹೊರೆ ಹೆಚ್ಚಾಗಿ ಫ್ಯೂಸ್ ಹೋಯಿತು. ಹೊರೆ ಏಕೆ ಹೆಚ್ಚಾಯಿತು? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಎಣ್ಣೆ ಏಕೆ ಸಾಲಲಿಲ್ಲ? ಪಂಪು ಸರಿಯಾಗಿ ಎತ್ತಲಿಲ್ಲ. ಏಕೆ ಎತ್ತಲಿಲ್ಲ? ಅದರ ದಂಡ ಸವೆದಿತ್ತು. ಏಕೆ ಸವೆಯಿತು? ಸೋಸುವ ಜಾಲರಿ ಇಲ್ಲದೆ ಲೋಹದ ಪುಡಿ ಒಳಗೆ ಹೋಗಿತ್ತು. ಮೊದಲ ಉತ್ತರಕ್ಕೇ ಬಿಟ್ಟಿದ್ದರೆ ಫ್ಯೂಸ್ ಹಾಕಿ ಸುಮ್ಮನಾಗುತ್ತಿದ್ದರು, ಅದು ಮತ್ತೆ ಹೋಗುತ್ತಿತ್ತು. ನಮ್ಮೂರ ಟ್ರಾನ್ಸ್‌ಫಾರ್ಮರ್ ಫ್ಯೂಸ್ ಹೋಗುವಂತೆ!

ಇಷ್ಟಾದರೂ ಹೆಸರು ಒಂದೇ ದಿನಕ್ಕೆ ಬರಲಿಲ್ಲ. 1957ರಲ್ಲಿ ಕ್ರೌನ್ ಎಂಬ ಕಾರನ್ನು ಅಮೆರಿಕಕ್ಕೆ ಕಳಿಸಿದರು. ಅಲ್ಲಿನ ಹೆದ್ದಾರಿಯ ವೇಗಕ್ಕೆ ಅದರ ಇಂಜಿನ್ ಸಾಲದೆ ನಗೆಪಾಟಲಾಯಿತು, 1960ರ ಕೊನೆಗೆ ಅಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿದರು. ಲ್ಯಾಂಡ್ ಕ್ರೂಸರ್ ಜೀಪು ಮಾತ್ರ ಉಳಿಯಿತು. ತಿದ್ದಿಕೊಂಡು 1965ರಲ್ಲಿ ಕೊರೊನಾ ಎಂಬ ಕಾರಿನೊಡನೆ ಮತ್ತೆ ಹೋದರು. ಅದೇ ವರ್ಷ ಗುಣಮಟ್ಟಕ್ಕೆ ಕೊಡುವ ಡೆಮಿಂಗ್ ಪ್ರಶಸ್ತಿ ಬಂತು. 1966ರಲ್ಲಿ ಬಂದ ಕೊರೊಲ್ಲಾ 2021ರ ಹೊತ್ತಿಗೆ ಐದು ಕೋಟಿ ಮಾರಾಟವಾಗಿತ್ತು!

ಈ ಪದ್ಧತಿ ಜಪಾನಿನವರಿಗೆ ಮಾತ್ರ ಸಾಧ್ಯ ಎನ್ನುವವರಿಗೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆಯೇ ಉತ್ತರ. ಅದು ಜನರಲ್ ಮೋಟಾರ್ಸ್‌ನದು. ಕೆಲಸಗಾರರು ಕೆಟ್ಟವರು, ಕೆಲಸಕ್ಕೇ ಬರುವುದಿಲ್ಲ ಎಂದು ಹೆಸರಾಗಿ 1982ರಲ್ಲಿ ಮುಚ್ಚಿತ್ತು. 1984ರಲ್ಲಿ ಟೊಯೊಟಾ ಜೊತೆ ಸೇರಿ ತೆರೆದಾಗ ಹೆಚ್ಚಿನವರು ಅದೇ ಹಳೇ ಕೆಲಸಗಾರರೇ. ಕೈಗೆ ಹಗ್ಗ ಕೊಟ್ಟರು, ಮಾತಿಗೆ ಬೆಲೆ ಕೊಟ್ಟರು. ಸ್ವಲ್ಪ ಕಾಲದಲ್ಲೇ ಅಲ್ಲಿಯ ಕಾರುಗಳು ಜಪಾನಿನ ಕಾರುಗಳಿಗೆ ಸಮ ಎನಿಸಿಕೊಂಡವು. ಅಂದರೆ ಡ್ರೈವರ್ ಮಾವ ಹೇಳಿದ್ದು ತಪ್ಪು. ಅದು ಜಪಾನಿನ ರಕ್ತದಲ್ಲಿರಲಿಲ್ಲ, ನಿಲ್ಲಿಸುವ ಧೈರ್ಯದಲ್ಲಿತ್ತು. (ಆ ಜಾಗದಲ್ಲಿ ಈಗ ಟೆಸ್ಲಾ ಕಾರು ತಯಾರಾಗುತ್ತದೆ.)

ಎಳೆ ಕಡಿದರೂ ನಿಲ್ಲದ ಕಾಲ

ಬರೀ ಹೊಗಳಿದರೆ ಅದು ಜಾಹೀರಾತಾಗುತ್ತದೆ. 1989ರಲ್ಲಿ ಲೆಕ್ಸಸ್ ಎಂಬ ದುಬಾರಿ ಕಾರು ತಂದು ಕೆಲವೇ ತಿಂಗಳಿಗೆ ಒಂದೆರಡು ದೂರು ಬಂದಾಗ, ಅಲ್ಲಿಯ ತನಕ ಮಾರಿದ್ದ ಸುಮಾರು 8,000 ಕಾರುಗಳನ್ನೂ ಕರೆಸಿ ಸರಿಮಾಡಿ ಕೊಟ್ಟರು. ಅದೇ ಕಂಪನಿ 2008ರಲ್ಲಿ ಮಾರಾಟದಲ್ಲಿ ಜಗತ್ತಿಗೇ ಮೊದಲನೆಯದಾಯಿತು. ಮರುವರ್ಷವೇ ಪೆಟ್ಟು ಬಿತ್ತು. ಅಮೆರಿಕದಲ್ಲಿ ಕೆಲವು ಕಾರುಗಳು ತಾವೇ ವೇಗ ಹೆಚ್ಚಿಸಿಕೊಳ್ಳುತ್ತವೆ ಎಂಬ ದೂರು ಮೊದಲಿನಿಂದ ಇತ್ತು. 2009ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದೇ ಕಾರಿನ ನಾಲ್ವರು ಸತ್ತರು. ಕಾಲಡಿಯ ಮ್ಯಾಟ್ ಆಕ್ಸಿಲೇಟರಿಗೆ ಸಿಕ್ಕಿಕೊಂಡಿತ್ತು. ಕೆಲವು ಕಾರುಗಳಲ್ಲಿ ಒತ್ತಿದ ಪೆಡಲ್ ತಾನೇ ಮೇಲೆ ಬರುತ್ತಿರಲಿಲ್ಲ. 80 ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ವಾಪಸು ಕರೆಸಬೇಕಾಯಿತು. ಕಿಇಚಿರೊ ಅವರ ಮೊಮ್ಮಗ, ಆಗಿನ ಅಧ್ಯಕ್ಷ ಅಕಿಯೊ ಟೊಯೊಡಾ 2010ರ ಫೆಬ್ರವರಿ 24ರಂದು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕ್ಷಮೆ ಕೇಳಿದರು. ಜನರನ್ನು ತಯಾರು ಮಾಡುವ ವೇಗಕ್ಕಿಂತ ಕಂಪನಿ ಬೆಳೆದ ವೇಗ ಹೆಚ್ಚಾಯಿತು ಎಂದು ಒಪ್ಪಿಕೊಂಡರು. ಗ್ರಾಹಕರಿಗೆ ಸತ್ಯ ಹೇಳದಿದ್ದುದಕ್ಕೆ 2014ರಲ್ಲಿ 120 ಕೋಟಿ ಡಾಲರ್ ದಂಡ ತೆರಬೇಕಾಯಿತು.

ಇನ್ನೂ ಒಂದಿದೆ, ಇದನ್ನು ಓದಿದಾಗ ನನಗೆ ನಿಜವಾಗಿ ಬೇಜಾರಾಯಿತು. 2024ರ ಜನವರಿಯಲ್ಲಿ ಟೊಯೊಟಾ ಇಂಡಸ್ಟ್ರೀಸ್ ಎಂಬ ಕಂಪನಿ ಡೀಸೆಲ್ ಇಂಜಿನ್ನುಗಳ ಶಕ್ತಿ ಪರೀಕ್ಷೆಯಲ್ಲಿ ಮೋಸ ಮಾಡಿದ್ದು ಹೊರಬಿತ್ತು. ಅಂಕಿಗಳು ಚೆನ್ನಾಗಿ ಕಾಣಲೆಂದು, ಮಾರುವ ಗಾಡಿಯಲ್ಲಿ ಇಲ್ಲದ ಬೇರೆ ಸಾಫ್ಟ್‌ವೇರ್ ಹಾಕಿ ಪರೀಕ್ಷೆಗೆ ಇಟ್ಟಿದ್ದರು. ಈ ಟೊಯೊಟಾ ಇಂಡಸ್ಟ್ರೀಸ್ ಯಾವುದು ಗೊತ್ತೇ? ಸಾಕಿಚಿಯವರ ಮಗ್ಗ ತಯಾರಿಸಲು 1926ರಲ್ಲಿ ಹುಟ್ಟಿದ ಅದೇ ಕಂಪನಿ.

ಅದರ ಬಿಸಿ ನಮ್ಮ ಬಿಡದಿಗೂ ತಟ್ಟಿತು. ಬೆಂಗಳೂರು ಮೈಸೂರು ರಸ್ತೆಯ ಬಿಡದಿಯಲ್ಲಿ ಟೊಯೊಟಾ ಮತ್ತು ಕಿರ್ಲೋಸ್ಕರ್ ಸೇರಿ 1997ರಲ್ಲಿ ಕಟ್ಟಿದ ಕಂಪನಿಯ ಕಾರ್ಖಾನೆ ಇದೆ. ನಮ್ಮ ಡ್ರೈವರ್ ಮಾವನ ಕ್ವಾಲಿಸ್ ಹುಟ್ಟಿದ್ದು ಅಲ್ಲೇ. 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು. 2024ರಲ್ಲಿ ಆ ಸುದ್ದಿ ಬಂದ ಮೇಲೆ ಇನ್ನೋವಾ ಕ್ರಿಸ್ಟಾ, ಫಾರ್ಚುನರ್, ಹೈಲಕ್ಸ್ ಗಾಡಿಗಳನ್ನು ಕಳಿಸುವುದನ್ನು ಕೆಲವು ದಿನ ನಿಲ್ಲಿಸಿದ್ದರು. ಅದಕ್ಕೂ ಮೊದಲು 2014ರಲ್ಲಿ, 2020ರಲ್ಲಿ ಇದೇ ಬಿಡದಿಯಲ್ಲಿ ಕಾರ್ಮಿಕರಿಗೂ ಕಂಪನಿಗೂ ಜಗಳವಾಗಿ ಬೀಗ ಹಾಕಿದ್ದೂ ಉಂಟು. 2020ರಲ್ಲಿ ಕಾರ್ಮಿಕರ ದೂರು ಕೆಲಸದ ಹೊರೆ ಹೆಚ್ಚಾಯಿತು ಎಂಬುದು. ಹಗ್ಗ ತೂಗುಹಾಕಿದರೆ ಸಾಲದು, ಎಳೆದವನ ಮಾತು ಕೇಳಬೇಕು ಎಂದು ನನಗೆ ಅನ್ನಿಸುತ್ತದೆ.

ಹತ್ತನೇ ತರಗತಿಯವರಿಗೆ ಒಂದು ವಿಷಯ. ಹತ್ತನೇ ತರಗತಿ ಮುಗಿಸಿದ ಕರ್ನಾಟಕದ ಹಳ್ಳಿ ಮಕ್ಕಳಿಗಾಗಿ ಬಿಡದಿಯಲ್ಲಿ 2007ರಿಂದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ನಡೆಯುತ್ತಿದೆ, ಅಲ್ಲೇ ಇದ್ದು ಕಲಿಯಬೇಕು. ಈಗ ಹುಡುಗಿಯರಿಗೂ ಅವಕಾಶ ಇದೆ. ನಮ್ಮ ತರಗತಿಯ ಇಬ್ಬರು ಅರ್ಜಿ ಹಾಕುತ್ತೇವೆ ಅಂದಿದ್ದಾರೆ, ಅವರಲ್ಲಿ ಒಬ್ಬರು ಈ ಲೇಖನದ ಮೂಲೆಯಲ್ಲಿ ಮಗ್ಗದ ಚಿತ್ರ ಬರೆದವರು.

ಕೊನೆಯದಾಗಿ ಓದುಗರಿಗೆ ಒಂದು ಕೆಲಸ. ನಮ್ಮ ಶಾಲೆಯ ಕುಡಿಯುವ ನೀರಿನ ನಲ್ಲಿ ಮೂರು ವಾರದಿಂದ ಬರುತ್ತಿಲ್ಲ. ಏಕೆ ಎಂದು ಕೇಳಿದ್ದಕ್ಕೆ "ಮೋಟಾರು ಕೆಟ್ಟಿದೆ" ಎಂಬ ಉತ್ತರ ಸಿಕ್ಕಿದೆ. ಇದು ಮೊದಲನೇ 'ಏಕೆ'. ಉಳಿದ ನಾಲ್ಕನ್ನು ನೀವು ಕೇಳಿ, ಸಿಕ್ಕ ಉತ್ತರವನ್ನು ಚೀಟಿಯಲ್ಲಿ ಬರೆದು ಶನಿವಾರದೊಳಗೆ ಪತ್ರಿಕೆಯ ಪೆಟ್ಟಿಗೆಗೆ ಹಾಕಿ. ಮುಂದಿನ ಸಂಚಿಕೆಯಲ್ಲಿ ಎಲ್ಲವನ್ನೂ ಅಂಟಿಸುತ್ತೇವೆ.

(ಹತ್ತನೇ ತರಗತಿ)