ಊರು ಮೊದಲು, ಯುದ್ಧ ಆಮೇಲೆ
(ಕಂಪ್ಯೂಟರ್ ಆಟ ಹೊಸದಾಗಿ ಕಲಿಯುವವರಿಗೆ)



ಹೋದ ತಿಂಗಳ ಗೋಡೆ ಪತ್ರಿಕೆಯಲ್ಲಿ ನಾನು ಎರೆಹುಳು ಗೊಬ್ಬರದ ಬಗ್ಗೆ ಬರೆದಿದ್ದೆ. ಈ ಸಲ ಒಂದು ಕಂಪ್ಯೂಟರ್ ಆಟದ ಬಗ್ಗೆ ಬರೆಯುತ್ತಿದ್ದೇನೆ. ಮೇಷ್ಟ್ರು ಮೊದಲು "ಇದೂ ಒಂದು ಪಾಠವೇನೋ?" ಅಂದರು. ಕರಡು ಓದಿದ ಮೇಲೆ "ಲೆಕ್ಕ ಇದೆಯಲ್ಲ, ಅಂಟಿಸು ಹೋಗು" ಅಂದರು.

ಬರೆಯಲು ಕಾರಣ ಏನೆಂದರೆ, ಹಾಸನದಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಮಾರ್ನಮಿ ಹಬ್ಬಕ್ಕೆ ಊರಿಗೆ ಬರುತ್ತಾನೆ. ಲ್ಯಾಪ್‌ಟಾಪ್ ತರುತ್ತಾನೆ. ನಮ್ಮ ಕ್ಲಾಸಿನ ನಾಲ್ಕು ಜನಕ್ಕೆ ಆಡಲು ಕೊಡ್ತೀನಿ ಅಂತ ಫೋನಿನಲ್ಲಿ ಒಪ್ಪಿಕೊಂಡಿದ್ದಾನೆ. (ಯಾವ ನಾಲ್ಕು ಜನ ಅಂತ ನಿಮಗೇ ಗೊತ್ತು.) ನಮ್ಮೂರಲ್ಲಿ ಹಬ್ಬದ ದಿನ ಕರೆಂಟು ಇರುತ್ತೆ ಅನ್ನೋ ನಂಬಿಕೆ ಇಲ್ಲ. ಬ್ಯಾಟರಿ ಎರಡು ಗಂಟೆ ಬರುತ್ತೆ. ಅಂದರೆ ಒಬ್ಬೊಬ್ಬರಿಗೆ ಅರ್ಧ ಗಂಟೆ. ಅಣ್ಣ ಒಂದು ಷರತ್ತು ಹಾಕಿದ್ದಾನೆ: ಅರ್ಧ ಗಂಟೆಯೊಳಗೆ ಯಾರ ಊರು ಹಾಳಾಗುತ್ತೋ ಅವರಿಗೆ ಮಾರನೆ ದಿನ ಸರದಿ ಇಲ್ಲ. ಬೇಸಿಗೆ ರಜದಲ್ಲಿ ನಾನು ಆಡಿದ ಮೊದಲ ಆಟ 23 ನಿಮಿಷಕ್ಕೆ ಮುಗಿದಿತ್ತು. ಅದಕ್ಕೇ ಇದನ್ನು ಬರೆಯುತ್ತಿರುವುದು.

ಆಟದ ಹೆಸರು ಏಜ್ ಆಫ್ ಎಂಪೈರ್ಸ್, ಎರಡನೇ ಭಾಗ. ಅಮೆರಿಕದಲ್ಲಿ ತಯಾರಾಗಿ 1999ರಲ್ಲಿ ಬಂತು. ಅದನ್ನೇ ಹೊಸ ಚಿತ್ರ ಹಾಕಿ 2019ರಲ್ಲಿ ಮತ್ತೆ ಬಿಟ್ಟರು. ಅಣ್ಣನ ಹತ್ತಿರ ಇರುವುದು ಈ 2019ರದು. ನಾನು ಕೊಡುವ ಲೆಕ್ಕವೂ ಅದರದೇ.

ಚೌಕಾಬಾರದಲ್ಲಿ ನಾವು ಕವಡೆ ಹಾಕಿ, ಕಾಯಿ ನಡೆಸಿ, ಇನ್ನೊಬ್ಬರು ಆಡೋವರೆಗೂ ಕಾಯ್ತೀವಿ. ಈ ಆಟದಲ್ಲಿ ಸರದಿ ಅನ್ನುವುದೇ ಇಲ್ಲ. ನಾವು ತಲೆ ಕೆರೆದುಕೊಂಡು ಯೋಚನೆ ಮಾಡುತ್ತಿದ್ದರೆ ಆ ಕಡೆಯವನು ಮರ ಕಡಿಯುತ್ತಲೇ ಇರುತ್ತಾನೆ. ಶುರುವಿನಲ್ಲಿ ನಮಗೆ ಸಿಗುವುದು ಒಂದು ದೊಡ್ಡ ಕಟ್ಟಡ, ಮೂರು ಜನ ಆಳು, ಒಬ್ಬ ಕುದುರೆ ಸವಾರ. ಆ ಕಟ್ಟಡಕ್ಕೆ ಇಂಗ್ಲಿಷಿನಲ್ಲಿ ಟೌನ್ ಸೆಂಟರ್ ಅಂತಾರೆ, ನಾನು ಚಾವಡಿ ಅಂತ ಕರೀತೀನಿ. ಜೊತೆಗೆ 200 ಆಹಾರ, 200 ಮರ, 100 ಚಿನ್ನ, 200 ಕಲ್ಲು ಇರುತ್ತದೆ. ಇಷ್ಟರಿಂದಲೇ ಊರು ಕಟ್ಟಿ, ಸೈನ್ಯ ಮಾಡಿ, ಎದುರಿನವನ ಊರನ್ನು ಗೆಲ್ಲಬೇಕು.

ಈಗ ನನ್ನ ಮೊದಲ ಆಟ ಹೇಗೆ ಹಾಳಾಯಿತು ಅಂತ ಕೇಳಿ. ನಾವು ಬೇಸಾಯದವರಲ್ಲವಾ, ನಾನು ಮೊದಲು ಹೊಲ ಮಾಡಲು ಹೋದೆ. ಹೊಲ ಬೇಕೆಂದರೆ ಮೊದಲು ಗಿರಣಿ ಕಟ್ಟಬೇಕು, ಅದಕ್ಕೆ 100 ಮರ. ಒಂದು ಹೊಲಕ್ಕೆ 60 ಮರ. ಒಂದು ಮನೆಗೆ 25. ಉಳಿದದ್ದು 15 ಮರ. ಅಲ್ಲಿಗೆ ಏನೂ ಕಟ್ಟಲಾಗದೆ ಕೂತೆ. ಚಾವಡಿ ಪಕ್ಕದಲ್ಲೇ ನಾಲ್ಕು ಕುರಿ ಮೇಯುತ್ತಿದ್ದವು. ಅವು ಚಂದಕ್ಕೆ ಇಟ್ಟಿದ್ದಾರೆ ಅಂದುಕೊಂಡಿದ್ದೆ! ಎದುರಿನವನ ಸವಾರ ಬಂದು ಎರಡು ಕುರಿ ಹೊಡೆದುಕೊಂಡು ಹೋದ. ಆ ಒಬ್ಬ ಸವಾರನಿಗೆ ಹೆದರಿ ನಾನು ಗಂಟೆ ಬಾರಿಸಿಬಿಟ್ಟೆ. ಗಂಟೆಯ ಗುಂಡಿ ಒತ್ತಿದರೆ ಊರಿನ ಆಳುಗಳೆಲ್ಲ ಕೆಲಸ ಬಿಟ್ಟು ಚಾವಡಿಯೊಳಗೆ ಓಡುತ್ತಾರೆ. ಅವರನ್ನು ಹೊರಗೆ ಕಳಿಸಲು ಅದನ್ನೇ ಮತ್ತೆ ಒತ್ತಬೇಕು ಅನ್ನೋದು ನನಗೆ ತಿಳಿದಿರಲಿಲ್ಲ.

ಅಣ್ಣನ ಸ್ನೇಹಿತರು ಮೂರು ಜನ ಹಿಂದೆ ನಿಂತು ನೋಡುತ್ತಿದ್ದರು. ಅವರಲ್ಲಿ ಒಬ್ಬ "ಕನ್ನಡ ಮೀಡಿಯಂ ಅಲ್ವಾ, ಪಾಪ ಓದಕ್ಕೆ ಬರಲ್ಲ, ಅದಕ್ಕೇ ಸೋತ" ಅಂದ. ಎಲ್ಲರೂ ನಕ್ಕರು. ಅಣ್ಣನೂ ಸ್ವಲ್ಪ ನಕ್ಕ. ಎರಡು ದಿನ ನಾನೂ ಅದೇ ನಿಜ ಅಂತ ನಂಬಿದ್ದೆ, ಲ್ಯಾಪ್‌ಟಾಪ್ ಹತ್ತಿರ ಹೋಗಲಿಲ್ಲ.

ಮೂರನೇ ದಿನ ಅಣ್ಣ ಆಡುವಾಗ ಪಕ್ಕದಲ್ಲಿ ಕೂತು ನೋಟ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ಬರೆದೆ. ಚಾವಡಿಯಲ್ಲಿ ಒಬ್ಬ ಹೊಸ ಆಳು ತಯಾರಾಗಲು ಆಟದ ಗಡಿಯಾರದಲ್ಲಿ 25 ಸೆಕೆಂಡು ಬೇಕು. ಹತ್ತು ನಿಮಿಷ ಅಂದರೆ 600 ಸೆಕೆಂಡು. 600 ಭಾಗಿಸು 25, ಸಮ 24. ಮೊದಲಿನ ಮೂವರನ್ನು ಸೇರಿಸಿದರೆ 27. ಅಂದರೆ ಚಾವಡಿ ಒಂದು ಸಲವೂ ಸುಮ್ಮನೆ ನಿಲ್ಲದಿದ್ದರೆ ಹತ್ತು ನಿಮಿಷಕ್ಕೆ 27 ಜನ ದುಡಿಯುತ್ತಿರುತ್ತಾರೆ. ನನ್ನ ಊರಲ್ಲಿ ಆ ಹೊತ್ತಿಗೆ ಇದ್ದದ್ದು 9 ಜನ! ಒಂಬತ್ತು ಆಳು ಇಟ್ಟುಕೊಂಡು ಯಾರಾದರೂ ಯುದ್ಧ ಮಾಡಲಿಕ್ಕೆ ಆಗುತ್ತಾ? ಇದರಲ್ಲಿ ಇಂಗ್ಲಿಷಿನ ಮಾತೇ ಇಲ್ಲ. ನಾನು ಸೋತದ್ದು ಭಾಗಾಕಾರದಲ್ಲಿ.

ಹಾಗಾಗಿ ಆಟ ಶುರುವಾದ ಕ್ಷಣ ಮಾಡಬೇಕಾದ ಕೆಲಸ, ಚಾವಡಿಯ ಮೇಲೆ ಒತ್ತಿ ನಾಲ್ಕು ಆಳು ಕೇಳುವುದು. ಒಬ್ಬನಿಗೆ 50 ಆಹಾರ, ನಾಲ್ಕು ಜನಕ್ಕೆ 200. ಇರುವುದೆಲ್ಲ ಖರ್ಚಾಗುತ್ತೆ, ಆಗಲಿ. ಕೂಡಿಟ್ಟ ಆಹಾರದಿಂದ ಏನೂ ಉಪಯೋಗವಿಲ್ಲ, ಬಿತ್ತನೆ ಬೀಜವನ್ನು ವಾಡೆಯಲ್ಲೇ ಬಿಟ್ಟ ಹಾಗೆ.

ಆದರೆ ಒಂದು ತೊಡಕು ಇದೆ. ಚಾವಡಿಯಲ್ಲಿ ಐದು ಜನಕ್ಕೆ ಮಾತ್ರ ಜಾಗ. ಮೂವರು ಆಳು, ಒಬ್ಬ ಸವಾರ, ಆಗಲೇ ನಾಲ್ಕು ಆಯಿತು. ಆದ್ದರಿಂದ ಇಬ್ಬರು ಆಳುಗಳನ್ನು ತಕ್ಷಣ ಮನೆ ಕಟ್ಟಲು ಹಚ್ಚಬೇಕು. ಒಂದು ಮನೆಗೆ ಐದು ಜನ. ಬೇಗ ಬೇಗ ಎರಡು ಮನೆ ಎಬ್ಬಿಸಿದರೆ ಸ್ವಲ್ಪ ಹೊತ್ತು ಚಿಂತೆ ಇಲ್ಲ. ಮುಂದೆಯೂ ಜಾಗ ಮುಗಿಯುವುದಕ್ಕೆ ಮುಂಚೆಯೇ ಇನ್ನೊಂದು ಮನೆ ಹಾಕಬೇಕು. ಜಾಗ ಇಲ್ಲದಿದ್ದರೆ ಆಳು ಹುಟ್ಟುವುದಿಲ್ಲ, ಗಡಿಯಾರ ಮಾತ್ರ ಓಡುತ್ತಿರುತ್ತೆ. ನನ್ನ ಎರಡನೇ ಆಟ ಕೆಟ್ಟದ್ದು ಇದರಿಂದಲೇ.

ಮೊದಲ ಆರು ಜನರನ್ನು ಕುರಿಗೆ ಬಿಡಿ. ಒಂದು ಕುರಿಯಲ್ಲಿ 100 ಆಹಾರ ಇದೆ. ಕುರಿಯನ್ನು ಚಾವಡಿಯ ಬುಡಕ್ಕೆ ಕರೆದುಕೊಂಡು ಬಂದೇ ಕಡಿಯಬೇಕು, ದೂರದಲ್ಲಿ ಕಡಿದರೆ ಹೊತ್ತು ತರುವುದರಲ್ಲೇ ಹೊತ್ತು ಹೋಗುತ್ತೆ. ಒಂದೇ ಸಲಕ್ಕೆ ನಾಲ್ಕನ್ನೂ ಕಡಿಯಬೇಡಿ, ಮಾಂಸ ಕೆಟ್ಟು ಕಡಿಮೆಯಾಗುತ್ತಾ ಹೋಗುತ್ತೆ. ಆರು ಜನ ಕುರಿಯ ಹತ್ತಿರ ಇದ್ದರೆ 25 ಸೆಕೆಂಡಿಗೆ ಸುಮಾರು 50 ಆಹಾರ ಬರುತ್ತದೆ. ಅಂದರೆ ಮುಂದಿನ ಆಳಿಗೆ ಸರಿಯಾಗಿ ಸಾಕು. ಈ ಲೆಕ್ಕ ಕೂಡಿ ಬಂದಾಗ ನನಗೆ ಬಹಳ ಖುಷಿಯಾಯಿತು. ಅಣ್ಣನಿಗೂ ಇದು ಗೊತ್ತಿರಲಿಲ್ಲ, ಅವನು ಸುಮ್ಮನೆ ರೂಢಿಯಿಂದ ಆರು ಜನ ಬಿಡುತ್ತಿದ್ದ.

ಆಮೇಲೆ ಬಂದ ಮೂರ್ನಾಲ್ಕು ಜನ ಮರಕ್ಕೆ. ಮರದ ಪಕ್ಕದಲ್ಲೇ ಒಂದು ಕೊಟ್ಟಿಗೆ ಹಾಕಿ, 100 ಮರ ಬೇಕು. ಕುದುರೆ ಸವಾರನನ್ನು ಊರಿನ ಸುತ್ತ ಸುತ್ತಿಸಿ. ಉಳಿದ ಕುರಿ, ಹಂದಿ, ಹಣ್ಣಿನ ಪೊದೆ, ಚಿನ್ನ ಎಲ್ಲಿದೆ ಅಂತ ಅವನೇ ಕಂಡುಹಿಡಿಯಬೇಕು. ಶುರುವಿನಲ್ಲೇ ಎದುರಿನವನ ಊರಿಗೆ ಕಳಿಸಬೇಡಿ.

ಕಾಡುಹಂದಿ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಒಂದು ಹಂದಿಯಲ್ಲಿ 340 ಆಹಾರ, ಮೂರು ಕುರಿಗಿಂತ ಹೆಚ್ಚು. ಆದರೆ ಒಬ್ಬನೇ ನಿಂತು ಹೊಡೆದರೆ ಹಂದಿ ಅವನನ್ನೇ ಕೊಲ್ಲುತ್ತೆ. ಜೋಳದ ಹೊಲಕ್ಕೆ ನುಗ್ಗುವ ಹಂದಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ಹೋಗಿ ಬಾಣ ಬಿಟ್ಟು, ಅದು ತಿರುಗಿ ಬೀಳುತ್ತಿದ್ದ ಹಾಗೇ ಚಾವಡಿ ಕಡೆ ಓಡಿ ಬರಬೇಕು. ಅದು ಬೆನ್ನು ಹತ್ತಿ ಬರುತ್ತೆ. ಕುರಿಯ ಹತ್ತಿರ ಇದ್ದವರೆಲ್ಲ ಸೇರಿ ಹೊಡೆಯಬೇಕು. ಓಡಿ ಬಂದವನಿಗೆ ಪೆಟ್ಟು ಜಾಸ್ತಿ ಆಗಿದ್ದರೆ ಚಾವಡಿಯೊಳಗೆ ಕಳಿಸಿ. ನಾನು ಈ ಹಂದಿಗೆ ಒಟ್ಟು ಐದು ಆಳು ಕಳೆದುಕೊಂಡಿದ್ದೇನೆ.

ಹೊಲ ಕಟ್ಟಕಡೆಗೆ. ಕುರಿ, ಹಂದಿ, ಹಣ್ಣು ಮುಗಿಯುತ್ತಾ ಬಂದಾಗ ಒಂದೊಂದೇ ಹೊಲ ಮಾಡುತ್ತಾ ಹೋಗಿ.

ಸುಮಾರು 22 ಆಳು ಆದಾಗ ಮುಂದಿನ ಯುಗಕ್ಕೆ ಹೋಗಬಹುದು. ಯುಗ ನಾಲ್ಕು. ಎರಡನೆಯದಕ್ಕೆ 500 ಆಹಾರ, ಮೂರನೆಯದಕ್ಕೆ 800 ಆಹಾರ ಮತ್ತು 200 ಚಿನ್ನ ಕೊಡಬೇಕು. ಎರಡನೆಯದಕ್ಕೆ ಹೋಗಲು ಎರಡು ಕಟ್ಟಡವೂ ಇರಬೇಕು. ಗಿರಣಿ, ಮರದ ಕೊಟ್ಟಿಗೆ ಇದ್ದರೆ ಆಯಿತು, ಮನೆಗಳು ಲೆಕ್ಕಕ್ಕೆ ಇಲ್ಲ. ಯುಗ ಬದಲಾಗುವಾಗ ಚಾವಡಿಯಲ್ಲಿ ಆಳು ಹುಟ್ಟುವುದಿಲ್ಲ, ಅದಕ್ಕೇ ತೀರಾ ಅವಸರ ಮಾಡಬಾರದು.

ಸೈನಿಕರ ವಿಷಯ ಕಲ್ಲು-ಕಾಗದ-ಕತ್ತರಿ ಇದ್ದ ಹಾಗೆ. ಕುದುರೆಯವರನ್ನು ಈಟಿಯವರು ಹೊಡೆಯುತ್ತಾರೆ, ಈಟಿಯವರನ್ನು ಬಿಲ್ಲಿನವರು, ಬಿಲ್ಲಿನವರನ್ನು ಕುದುರೆಯವರು. ಈಟಿಯವನಿಗೆ 35 ಆಹಾರ, 25 ಮರ ಸಾಕು, ಚಿನ್ನ ಬೇಡ. ಅರ್ಧ ಗಂಟೆ ಊರು ಉಳಿಸಿಕೊಳ್ಳಬೇಕಾದ ನಮಗೆ ಇವನೇ ಒಳ್ಳೆಯವನು. ಆದರೆ ಏನು ಬರುತ್ತಿದೆ ಅಂತ ಮೊದಲು ಸವಾರನಿಂದ ನೋಡಿಸಿ, ಆಮೇಲೆ ಸೈನ್ಯ ಮಾಡಿ.

ರಾಜ್ಯ ಆರಿಸಿಕೊಳ್ಳಲು ಕೇಳಿದಾಗ ಬ್ರಿಟನ್ಸ್ ಅಂತ ಇರುವುದನ್ನು ಒತ್ತಿ. ಅವರಿಗೆ ಕುರಿ ಕೆಲಸ ಬೇಗ ಆಗುತ್ತೆ. ಚೀನಾದವರು ಬೇಡ, ಮೂರು ಆಳು ಜಾಸ್ತಿ ಸಿಗುತ್ತಾರೆ ಆದರೆ ಆಹಾರ ಸೊನ್ನೆ. 2022ರಲ್ಲಿ ನಮ್ಮ ಕಡೆಯ ದ್ರಾವಿಡರೂ ಬಂದಿದ್ದಾರೆ, ರಾಜೇಂದ್ರ ಚೋಳನ ಕಥೆಯನ್ನೇ ಆಡಬಹುದಂತೆ. ಅದಕ್ಕೆ ಬೇರೆ ದುಡ್ಡು ಕೊಡಬೇಕು, ಅಣ್ಣನ ಹತ್ತಿರ ಇಲ್ಲ.

ಬೇಕಾದ ಇಂಗ್ಲಿಷ್ ಪದ ಐದೇ: ಫುಡ್, ವುಡ್, ಗೋಲ್ಡ್, ಸ್ಟೋನ್, ಐಡಲ್. ಐಡಲ್ ಅಂದರೆ ಸುಮ್ಮನೆ ನಿಂತವನು. ಕೀಲಿಮಣೆಯಲ್ಲಿ ಪೂರ್ಣವಿರಾಮದ ಚುಕ್ಕಿ ಒತ್ತಿದರೆ ಸುಮ್ಮನೆ ನಿಂತ ಆಳನ್ನು ಅದೇ ತೋರಿಸುತ್ತೆ. ಹೆಚ್ ಒತ್ತಿದರೆ ಎಲ್ಲಿದ್ದರೂ ಚಾವಡಿಗೆ ಬರುತ್ತೀರಿ. ಈ ಎರಡು ಗುಂಡಿಯನ್ನು ಹುಚ್ಚು ಹಿಡಿದವರ ಹಾಗೆ ಒತ್ತುತ್ತಾ ಇರಿ.

ನಾನೇನೋ ದೊಡ್ಡ ಆಟಗಾರ ಅಂತ ತಿಳ್ಕೋಬೇಡಿ. ಏಳನೇ ಆಟದಲ್ಲಿ ಗೆದ್ದೆ, ಅದೂ ಕೆಳಗಿನಿಂದ ಎರಡನೇ ಮಟ್ಟದಲ್ಲಿ. ಅದರ ಮೇಲಿನದು ಇನ್ನೂ ಆಗಿಲ್ಲ.

ಲ್ಯಾಪ್‌ಟಾಪ್ ಇಲ್ಲದೆಯೂ ಅಭ್ಯಾಸ ಮಾಡಬಹುದು. ಶನಿವಾರ ಬೆಲ್ ಹೊಡೆದ ಮೇಲೆ ನಾಲ್ಕೂ ಜನ ಹುಣಸೆಮರದ ಹತ್ತಿರ ಬನ್ನಿ. ನೆಲದ ಮೇಲೆ ಚಾವಡಿ, ಕುರಿ, ಮರ ಬರೆಯೋಣ. ಹುಣಸೆಬೀಜ ಅಂದರೆ ಆಳು. ಒಬ್ಬರು ಒಂದರಿಂದ ಇಪ್ಪತ್ತೈದು ಎಣಿಸುತ್ತಾರೆ, ಪ್ರತಿ ಇಪ್ಪತ್ತೈದಕ್ಕೆ ಆಡುವವರು ಒಂದು ಬೀಜ ಇಟ್ಟು ಎಲ್ಲಿಗೆ ಅಂತ ಹೇಳಬೇಕು. ತಡವರಿಸಿದರೆ ಎಣಿಕೆ ನಿಲ್ಲುವುದಿಲ್ಲ. ಬೀಜ ನಾನು ತರುತ್ತೇನೆ, ಸೀಮೆಸುಣ್ಣ ಯಾರಾದರೂ ತನ್ನಿ.

— 7ನೇ ತರಗತಿ ವಿದ್ಯಾರ್ಥಿ