ಪಿಂಗಾಣಿ ತಟ್ಟೆ ಬಾಡಿಗೆಗೆ ತರುವ ಮುನ್ನ ಚಲನ್ ಓದಿ

ಮದುವೆ ಮುಗಿದ ಹತ್ತು ಹದಿನೈದು ದಿನಕ್ಕೆ ವಕೀಲರ ಕಚೇರಿಗೆ ಬರುವವರಲ್ಲಿ ಈಚೆಗೆ ಹೊಸದೊಂದು ಬಗೆ ಸೇರಿಕೊಂಡಿದೆ. ಛತ್ರದ ಬಾಡಿಗೆ, ಅಡುಗೆಯವರ ಲೆಕ್ಕ, ವಾದ್ಯದವರ ಲೆಕ್ಕ ಎಲ್ಲ ಚುಕ್ತಾ ಆಗಿರುತ್ತದೆ. ಉಳಿದಿರುವ ಜಗಳ ತಟ್ಟೆಯದು. ಆರತಕ್ಷತೆಗೆ ಸ್ಟೀಲ್ ಬೇಡ, ಬಾಳೆಎಲೆಯೂ ಬೇಡ, ಅಂಚಿಗೆ ಚಿನ್ನದ ಗೆರೆಯಿರುವ ಹಳೇ ಕಾಲದ ಪಿಂಗಾಣಿ ತಟ್ಟೆಯೇ ಬೇಕು ಎಂದು ಮಗಳು ಆಸೆಪಟ್ಟಳಂತೆ. ಫೋಟೊದಲ್ಲಿ ಚೆನ್ನಾಗಿ ಕಾಣುತ್ತದಂತೆ. ಆಸೆ ತಪ್ಪಲ್ಲ. ತಪ್ಪೇನಿದ್ದರೂ ಟೆಂಪೊ ಬಂದು ನಿಂತಾಗ ಹಾಕುವ ಸಹಿಯಲ್ಲಿದೆ.

ಲೆಕ್ಕ ಸಾಮಾನ್ಯವಾಗಿ ಹೀಗಿರುತ್ತದೆ. ಇನ್ನೂರು ತಟ್ಟೆ, ತಲಾ 60 ರೂಪಾಯಿ ಬಾಡಿಗೆ, ಒಟ್ಟು 12,000. ಡಿಪಾಸಿಟ್ 40,000. ಮನೆಯವರ ಕಣ್ಣೆದುರು ಒಡೆದದ್ದು ನಾಲ್ಕು ತಟ್ಟೆ. ಮೂರು ದಿನ ಬಿಟ್ಟು ಮಾಲೀಕ ಫೋನ್ ಮಾಡುತ್ತಾನೆ: ‘ಒಟ್ಟು 23 ಪೀಸ್ ಡ್ಯಾಮೇಜ್ ಇದೆ ಸಾರ್, ಒಂದಕ್ಕೆ 2,500.’ ಅಂದರೆ 57,500. ಡಿಪಾಸಿಟ್ ಪೂರ್ತಿ ಹೋಯಿತು, ಮೇಲೆ 17,500 ಕೊಡಬೇಕು. ಉಳಿದ ಹತ್ತೊಂಬತ್ತು ತಟ್ಟೆಗಳಿಗೆ ಏನಾಗಿದೆ ಎಂದು ಕೇಳಿದರೆ ಅಂಚಿನ ಚಕ್ಕೆ, ಕೂದಲೆಳೆಯಂಥ ಬಿರುಕು, ಮಾಸಿದ ಚಿನ್ನದ ಗೆರೆ. ಐವತ್ತು ವರ್ಷ ಹಳೆಯ ತಟ್ಟೆಯಲ್ಲಿ ಇವೆಲ್ಲ ನಿಮ್ಮ ಮನೆಗೆ ಬರುವ ಮೊದಲೇ ಇದ್ದವು ಎಂದು ನಿಮಗೂ ಗೊತ್ತು, ಅವನಿಗೂ ಗೊತ್ತು. ಆದರೆ ಡೆಲಿವರಿ ಚಲನ್‌ನಲ್ಲಿ ‘ಎಲ್ಲ ವಸ್ತುಗಳನ್ನೂ ಎಣಿಸಿ, ಸುಸ್ಥಿತಿಯಲ್ಲಿ ಪಡೆದಿದ್ದೇನೆ’ ಎಂದು ಅಚ್ಚಾಗಿದೆ. ಕೆಳಗೆ ವಧುವಿನ ಚಿಕ್ಕಪ್ಪನ ಸಹಿ.

ಕಾನೂನು ವಾಸ್ತವವಾಗಿ ನಿಮ್ಮ ಕಡೆಗೇ ಇದೆ. ಒಬ್ಬರ ವಸ್ತುವನ್ನು ಪಡೆದು, ಬಳಸಿ, ಮರಳಿಸುವ ಕರಾರಿಗೆ 1872ರ ಭಾರತೀಯ ಕರಾರು ಕಾಯ್ದೆಯಲ್ಲಿ 148ರಿಂದ ಮುಂದಿನ ಕಲಂಗಳಿವೆ. 151ನೇ ಕಲಂ ಪ್ರಕಾರ, ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಮಾಡಿದರೆ ಸಾಕು. ಅಷ್ಟು ಮಾಡಿಯೂ ಒಡೆದರೆ ನೀವು ಹೊಣೆಯಲ್ಲ ಎನ್ನುತ್ತದೆ 152ನೇ ಕಲಂ. ಆದರೆ ಅದೇ ಕಲಂನಲ್ಲಿ ‘ವಿಶೇಷ ಕರಾರು ಇಲ್ಲದಿದ್ದರೆ’ ಎಂಬ ಮಾತೂ ಇದೆ. ಚಲನ್‌ನ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಯಾವುದೇ ಕಾರಣಕ್ಕೆ ಒಡೆದರೂ ಪಡೆದವರೇ ಪೂರ್ತಿ ಹೊಣೆ’ ಎಂದಿರುತ್ತದಲ್ಲ, ವಿಶೇಷ ಕರಾರು ಎಂದರೆ ಅದೇ. ಮುಂಬದಿಯ ಸಹಿಯಿಂದ ಹಳೆಯ ಬಿರುಕೆಲ್ಲ ನಿಮ್ಮದಾಯಿತು, ಹಿಂಬದಿಯ ಸಾಲಿನಿಂದ ಕಾನೂನು ಕೊಟ್ಟ ರಕ್ಷಣೆ ಹೋಯಿತು. ಜನ ಕಳೆದುಕೊಳ್ಳುವ ಹಣದ ಮುಕ್ಕಾಲು ಪಾಲು ಈ ಒಂದು ಕಾಗದದಲ್ಲೇ ಹೋಗುತ್ತದೆ ಎಂದು ನನ್ನ ಅನಿಸಿಕೆ. ವಿಶೇಷ ಕರಾರು ಇಲ್ಲದಿದ್ದರೂ, ಎಚ್ಚರ ವಹಿಸಿದ್ದೆವು ಎಂದು ತೋರಿಸುವ ಭಾರ ವಸ್ತು ಪಡೆದವರ ಮೇಲೇ ಬೀಳುತ್ತದೆ. ‘ನಮ್ಮ ಕೈಯಲ್ಲಿ ಒಡೆದಿಲ್ಲ’ ಎಂಬ ಬಾಯಿಮಾತು ಸಾಲದು.

ಆದ್ದರಿಂದ ಚಲನ್ ವಿಷಯವನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟೆಂಪೊ ಬರುವುದು ಎಲ್ಲರೂ ಗಡಿಬಿಡಿಯಲ್ಲಿರುವ ಹೊತ್ತಿನಲ್ಲಿ. ‘ಇನ್ನೂ ಎರಡು ಕಡೆ ಇಳಿಸೋದಿದೆ ಸಾರ್, ಇಲ್ಲೊಂದು ಸೈನ್ ಹಾಕ್ಬಿಡಿ’ ಎಂದು ಹುಡುಗ ಅವಸರ ಮಾಡುತ್ತಾನೆ. ಶಾಸ್ತ್ರಕ್ಕೆ ಕೂರಬೇಕಿಲ್ಲದ ಒಬ್ಬರನ್ನು ಈ ಕೆಲಸಕ್ಕೆಂದೇ ಇಟ್ಟುಕೊಳ್ಳಿ. ಬಂಧುಗಳಲ್ಲಿ ಯಾವುದಕ್ಕೂ ಸುಲಭವಾಗಿ ಒಪ್ಪದ ಒಬ್ಬರು ಇದ್ದೇ ಇರುತ್ತಾರೆ, ಅವರೇ ಸರಿ. ಪೆಟ್ಟಿಗೆ ಬಿಚ್ಚಿಸಿ. ತಟ್ಟೆಯನ್ನು ಬೆಳಕಿಗೆ ಹಿಡಿದು ಅಂಚಿನ ಮೇಲೆ ಬೆರಳಾಡಿಸಿದರೆ ಚಕ್ಕೆ ಗೊತ್ತಾಗುತ್ತದೆ. ಬೆರಳಗೆಣ್ಣಿನಿಂದ ತಟ್ಟಿದಾಗ ಗಟ್ಟಿ ತಟ್ಟೆ ಕಣಿಲ್ ಎನ್ನುತ್ತದೆ, ಬಿರುಕುಬಿಟ್ಟದ್ದು ಬೊದ್ದಾಗಿ ಸದ್ದು ಮಾಡುತ್ತದೆ. ದೋಷವಿರುವುದನ್ನು ಬೇರೆ ಇಟ್ಟು, ಸಂಖ್ಯೆಯನ್ನು ಚಲನ್‌ನ ಎರಡೂ ಪ್ರತಿಗಳಲ್ಲಿ ಬರೆದು, ಹುಡುಗನ ಸಹಿಯನ್ನೂ ಪಡೆಯಿರಿ.

ಇನ್ನೂರು ತಟ್ಟೆ ನೋಡಲು ಸಮಯವಿಲ್ಲವೇ? ಆಗ ನಿಮ್ಮ ಸಹಿಯ ಮೇಲೆ ‘ಪೆಟ್ಟಿಗೆ ಮಾತ್ರ ಪಡೆದಿದೆ, ಒಳಗಿನದನ್ನು ಎಣಿಸಿಲ್ಲ, ಪರಿಶೀಲಿಸಿಲ್ಲ’ ಎಂದು ಪೆನ್ನಿನಲ್ಲಿ ಬರೆಯಿರಿ. ಅಚ್ಚಾದ ಸಾಲನ್ನು ಹೊಡೆದುಹಾಕಿ. ಹಿಂಬದಿಯ ಷರತ್ತನ್ನೂ ಹೊಡೆದು, ಬದಿಯಲ್ಲಿ ಇಬ್ಬರ ಚಿಕ್ಕ ಸಹಿ. ಬರೆಯಲು ಬಿಡದಿದ್ದರೆ (ಬಿಡದವರೇ ಹೆಚ್ಚು) ಆ ಚಲನ್‌ನ ಫೋಟೊ ತೆಗೆದು, ಪರಿಶೀಲಿಸಲು ಅವಕಾಶ ಕೊಡಲಿಲ್ಲ ಎಂಬ ಒಂದು ಸಾಲಿನೊಂದಿಗೆ ಅಲ್ಲೇ ಮಾಲೀಕನ ವಾಟ್ಸ್‌ಆ್ಯಪ್‌ಗೆ ಕಳಿಸಿ. ಊಟ ಬಡಿಸುವ ಮೊದಲು ಹೋದ ಸಂದೇಶಕ್ಕೆ ಇರುವ ಬೆಲೆ ಜಗಳ ಶುರುವಾದ ಮೇಲೆ ಬರೆದ ಹತ್ತು ಪುಟದ ಪತ್ರಕ್ಕೆ ಇರುವುದಿಲ್ಲ. ಬಿಚ್ಚುವಾಗ ವಿಡಿಯೊ ಮಾಡಿದರೆ ಇನ್ನೂ ಒಳ್ಳೆಯದು. ಆದರೆ ಆ ವಿಡಿಯೊ ಇರುವ ಮೂಲ ಫೋನನ್ನು ಮಾರಿಬಿಡಬೇಡಿ, ಫಾರ್ವರ್ಡ್ ಮಾಡಿದ ಪ್ರತಿಯನ್ನೇ ನಂಬಿ ಕೂರಬೇಡಿ. ಕೋರ್ಟಿನಲ್ಲಿ ಇಂಥ ಸಾಕ್ಷ್ಯಕ್ಕೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ.

ಬೆಲೆಯನ್ನೂ ಮೊದಲೇ ಬರೆಸಿ. ಒಂದು ತಟ್ಟೆ ಹೋದರೆ ಎಷ್ಟು, ಚಕ್ಕೆ ಹಾರಿದರೆ ಎಷ್ಟು, ಎರಡೂ ಬೇರೆ ಬೇರೆಯಾಗಿರಲಿ. ‘ಒಂದು ಹೋದರೂ ಸೆಟ್ ಕೆಟ್ಟಿತು, ಪೂರ್ತಿ ಸೆಟ್ಟಿನ ಬೆಲೆ ಕೊಡಿ’ ಎನ್ನುವವರಿದ್ದಾರೆ. ಕರಾರಿನಲ್ಲಿ ಬರೆದ ಮೊತ್ತವೆಲ್ಲ ಸಿಕ್ಕೇಬಿಡುತ್ತದೆ ಎಂದೇನೂ ಇಲ್ಲ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಅದು ಮೇಲಿನ ಮಿತಿ, ಅದರೊಳಗೆ ನ್ಯಾಯವಾದ ಪರಿಹಾರ ಮಾತ್ರ. ಸುಪ್ರೀಂ ಕೋರ್ಟ್ 2015ರಲ್ಲಿ ಕೈಲಾಶ್ ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ, ನಷ್ಟವೇ ಆಗದಿದ್ದರೆ ಮುಂಗಡ ಹಣವನ್ನು ಹಾಗೇ ಮುಟ್ಟುಗೋಲು ಹಾಕಿಕೊಳ್ಳುವಂತಿಲ್ಲ ಎಂದಿದೆ. ಇದನ್ನು ಓದಿ ಧೈರ್ಯ ತಂದುಕೊಳ್ಳುವ ಮೊದಲು ಅದರ ಇನ್ನೊಂದು ಮುಖವನ್ನೂ ನೋಡಿ: ನಷ್ಟವನ್ನು ಲೆಕ್ಕಹಾಕುವುದೇ ಕಷ್ಟವಾದ ಕಡೆ, ಮೊದಲೇ ಒಪ್ಪಿದ ಮೊತ್ತ ನ್ಯಾಯವಾದ ಅಂದಾಜು ಎನಿಸಿದರೆ ಅದನ್ನೇ ಕೊಡಿಸಬಹುದು. ಅಂಗಡಿಯಲ್ಲಿ ಹೊಸದಾಗಿ ಸಿಗದ ಹಳೇ ತಟ್ಟೆಗೆ ಬೆಲೆ ಕಟ್ಟುವವರು ಯಾರು? ಮಾಲೀಕರು ಹಿಡಿದುಕೊಳ್ಳುವುದು ಇದನ್ನೇ. ಇನ್ನು ಬೆಲೆ ಏರಿಸಲೆಂದು ‘ನೂರಿಪ್ಪತ್ತು ವರ್ಷ ಹಳೇದು’ ಎನ್ನುವವರಿಗೆ ಒಂದು ಮಾತು ನೆನಪಿಸಿ. ನೂರು ವರ್ಷ ದಾಟಿದ ಇಂಥ ವಸ್ತು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಅಂಥವನ್ನು ಮಾರುವ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಬಾಡಿಗೆಗೆ ಕೊಡಲು ಬೇಕೆಂದು ನಾನು ಹೇಳುತ್ತಿಲ್ಲ. ಆದರೂ ಈ ಮಾತು ಎತ್ತಿದರೆ ತಟ್ಟೆಯ ವಯಸ್ಸು ಬೇಗ ಇಳಿಯುತ್ತದೆ.

ಬಳಕೆಯ ಷರತ್ತು ಮೀರಬೇಡಿ. ಒಂದು ಸಂಜೆಗೆಂದು ತಂದದ್ದನ್ನು ಮರುದಿನ ಬೀಗರೂಟಕ್ಕೂ ಬಳಸಿದರೆ ಕರಾರು ಕಾಯ್ದೆಯ 154ನೇ ಕಲಂ ಎದುರಾಗುತ್ತದೆ: ನಿಮ್ಮ ತಪ್ಪಿಲ್ಲದೆ ಒಡೆದರೂ ನಿಮ್ಮದೇ ಹೊಣೆ. ವಾಪಸು ತಡವಾದರೆ 161. ಇನ್ನೊಂದು ಕಡೆಯಿಂದ ಮಾಲೀಕನಿಗೂ ಹೊಣೆಯಿದೆ. ಬಾಡಿಗೆಗೆ ಕೊಟ್ಟ ವಸ್ತುವಿನ ದೋಷದಿಂದ ಹಾನಿಯಾದರೆ, ಆ ದೋಷ ತನಗೆ ಗೊತ್ತಿರಲಿಲ್ಲ ಎಂದು ಅವನು ತಪ್ಪಿಸಿಕೊಳ್ಳುವಂತಿಲ್ಲ ಎನ್ನುತ್ತದೆ 150ನೇ ಕಲಂ. ಹಳೆಯ ಪಿಂಗಾಣಿಯ ಮೆರುಗಿನಲ್ಲೂ ಬಣ್ಣದಲ್ಲೂ ಸೀಸ ಇರುವ ಸಾಧ್ಯತೆ ಇದೆ, ಹುಣಿಸೆ, ನಿಂಬೆಯಂಥ ಹುಳಿ ಅದನ್ನು ಬಿಡಿಸುತ್ತದೆ. ಊಟಕ್ಕೆ ಬಳಸಲು ಯೋಗ್ಯ ಎಂದು ಬರೆದು ಕೊಡಿ ಎಂದು ಕೇಳಿ. ಬರೆದುಕೊಡಲು ಹಿಂಜರಿದರೆ ಅವು ಅಲಂಕಾರದ ಮೇಜಿನ ಮೇಲೇ ಇರಲಿ.

ನಡುವಿನವರ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಬರುತ್ತದೆ. ಇವೆಂಟ್ ಮ್ಯಾನೇಜರ್ ಎಂಬುವನು ಪ್ಯಾಕೇಜ್ ಎಂದು ದುಡ್ಡು ತೆಗೆದುಕೊಳ್ಳುವಾಗ ಎಲ್ಲಕ್ಕೂ ತಾನೇ ಜವಾಬ್ದಾರಿ ಎನ್ನುತ್ತಾನೆ, ತಕರಾರು ಬಂದಾಗ ‘ನಾನು ಬರೀ ಕನೆಕ್ಟ್ ಮಾಡ್ಸಿದ್ದು ಸಾರ್’ ಎನ್ನುತ್ತಾನೆ. ಬಿಲ್ ಯಾರ ಹೆಸರಿನಲ್ಲಿದೆಯೋ ಅವರೇ ನಿಮ್ಮ ಎದುರುದಾರರು. ಬಿಲ್ ಇಲ್ಲದಿದ್ದರೆ ಎದುರುದಾರರನ್ನು ಹುಡುಕುವುದರಲ್ಲೇ ಆರು ತಿಂಗಳು. ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಅಥವಾ ರಸೀದಿ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಜಿಎಸ್‌ಟಿ ಸೇರಿಸಿದರೆ ನೋಂದಣಿ ಸಂಖ್ಯೆ ಕೇಳಿ, ನೋಂದಣಿಯಿಲ್ಲದವರು ತೆರಿಗೆ ವಸೂಲಿ ಮಾಡುವಂತಿಲ್ಲ. ಮರಳಿಸಬೇಕಾದ ಡಿಪಾಸಿಟ್ ಮೇಲೂ ತೆರಿಗೆ ಹಾಕಿದ ಚೀಟಿಗಳನ್ನು ನೋಡಿದ್ದೇನೆ, ಅದಂತೂ ಶುದ್ಧ ಲೂಟಿ. ಕೇಟರಿಂಗ್ ಹುಡುಗರು ಒಡೆದರೂ ತಟ್ಟೆಯವನಿಗೆ ಉತ್ತರ ಕೊಡಬೇಕಾದವರು ಸಹಿ ಹಾಕಿದ ನೀವೇ. ತೊಳೆಯುವಾಗ, ಬಡಿಸುವಾಗ ಒಡೆದದ್ದು ತನ್ನ ಲೆಕ್ಕಕ್ಕೆ ಎಂದು ಕೇಟರಿಂಗ್‌ನವನಿಂದ ಮೊದಲೇ ಬರೆಸಿಕೊಂಡಿದ್ದರೆ ಮಾತ್ರ ಅವನಿಂದ ಸಲೀಸಾಗಿ ವಸೂಲಿ ಮಾಡಬಹುದು. ತಟ್ಟೆಗಳನ್ನು ಕೇಟರಿಂಗ್‌ನವನೇ ತನ್ನ ಹೆಸರಿನಲ್ಲಿ ತಂದಿದ್ದರೆ ನೀವು ಯಾವ ಚಲನ್‌ಗೂ ಸಹಿ ಹಾಕಬೇಡಿ, ಉಪಕಾರಕ್ಕೂ ಬೇಡ.

ಡಿಪಾಸಿಟ್ ಹಣವನ್ನು ಬ್ಯಾಂಕ್ ಮೂಲಕ ಕಳಿಸಿ, ‘ಮರಳಿಸಬೇಕಾದ ಡಿಪಾಸಿಟ್’ ಎಂದು ನಮೂದಿಸಿ. ಖಾಲಿ ಚೆಕ್‌ಗೆ ಸಹಿ ಹಾಕಿ ಕೊಡುವುದು ಮಾತ್ರ ಬೇಡವೇ ಬೇಡ. 2019ರ ಬೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ಸಹಿ ಮಾಡಿದ ಚೆಕ್‌ನಲ್ಲಿ ಮೊತ್ತವನ್ನು ಬೇರೆಯವರು ತುಂಬಿದರೂ ಸಾಲ ಇತ್ತೆಂಬ ಪೂರ್ವಭಾವನೆ ನಿಮ್ಮ ವಿರುದ್ಧವೇ ನಿಲ್ಲುತ್ತದೆ. ಬ್ಯಾಂಕಿಗೆ ಹೇಳಿ ಪಾವತಿ ತಡೆದರೂ ಚೆಕ್ ಬೌನ್ಸ್‌ನ 138ನೇ ಕಲಂ ಕೇಸು ತಪ್ಪುವುದಿಲ್ಲ. ನೋಟಿಸ್ ಬಂದರೆ ತಲುಪಿದ ದಿನದಿಂದ 15 ದಿನ ಮಾತ್ರ ಇರುತ್ತದೆ; ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟು ಮರೆತವರು ಕ್ರಿಮಿನಲ್ ಕೋರ್ಟಿಗೆ ಅಲೆಯುತ್ತಿದ್ದಾರೆ.

ವಾಪಸು ಕೊಡುವಾಗಲೂ ಎಣಿಕೆ ನಿಮ್ಮೆದುರೇ ಆಗಬೇಕು. ‘ಗೋಡೌನ್‌ಗೆ ಹೋಗಿ ಎಣಿಸಿ ಹೇಳ್ತೀವಿ’ ಎಂದರೆ ಒಪ್ಪಬೇಡಿ. ರಾತ್ರಿ ಹನ್ನೊಂದಕ್ಕೆ ಬರಬೇಕಾದ ಟೆಂಪೊ ಬರದಿದ್ದರೆ ‘ತಟ್ಟೆ ತೊಳೆದು ಸಿದ್ಧವಾಗಿವೆ, ಬಂದು ಒಯ್ಯಿರಿ’ ಎಂಬ ಸಂದೇಶ ಹೋಗಿರಲಿ. ಒಡೆದ ಚೂರುಗಳನ್ನು ಎಸೆಯದೆ ಅವನಿಗೇ ಒಪ್ಪಿಸಿ. ಚೂರು ಇಲ್ಲದಿದ್ದರೆ ಒಡೆದದ್ದು ‘ಕಳೆದದ್ದು’ ಆಗುತ್ತದೆ.

ಮಾತು ಬೆಳೆದರೆ ಮಾಲೀಕ ಪೊಲೀಸ್ ಠಾಣೆಗೆ ಹೋಗುವುದುಂಟು. ಅಲ್ಲಿಂದ ಯಾರೋ ಫೋನ್ ಮಾಡಿ ‘ಬಂದು ಸೆಟಲ್ ಮಾಡ್ಕೊಳ್ಳಿ’ ಎನ್ನುತ್ತಾರೆ. ಒಡೆದ ತಟ್ಟೆಯ ಹಣ ಸಿವಿಲ್ ವಿಚಾರ, ಅದನ್ನು ವಸೂಲಿ ಮಾಡಿಕೊಡುವುದು ಪೊಲೀಸರ ಕೆಲಸವಲ್ಲ. ಲಿಖಿತ ನೋಟಿಸ್ ಕೇಳಿ. ಸಾಕ್ಷಿಯಾಗಿ ಕರೆಯುವುದಾದರೆ ಹೆಂಗಸರನ್ನೂ 60 ದಾಟಿದ ಗಂಡಸರನ್ನೂ ಅವರಿರುವ ಕಡೆಯಲ್ಲೇ ವಿಚಾರಿಸಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಹೇಳುತ್ತದೆ. ಆದರೆ ತಟ್ಟೆಗಳನ್ನು ನೀವು ಬಚ್ಚಿಟ್ಟರೆ, ಮಾರಿದರೆ, ಅದು ನಂಬಿಕೆ ದ್ರೋಹದ ಅಪರಾಧ. ಆಗ ಈ ಮಾತು ಯಾವುದೂ ನಡೆಯದು. ಡಿಪಾಸಿಟ್ ಕೊಡಲಿಲ್ಲವೆಂಬ ಸಿಟ್ಟಿಗೆ ಹತ್ತು ತಟ್ಟೆ ಹಿಡಿದಿಟ್ಟುಕೊಳ್ಳುವ ಜಾಣತನ ಬೇಡ.

ಡಿಪಾಸಿಟ್ ಬರದಿದ್ದರೆ ಮೊದಲು 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಿ. ಸಣ್ಣ ಮೊತ್ತಗಳು ಕೆಲವೊಮ್ಮೆ ಅಷ್ಟಕ್ಕೇ ಬರುತ್ತವೆ. ಬರದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಮಾಲೀಕ ಬೆಂಗಳೂರಿನವನಾದರೂ ನೀವು ಹಾಸನದಲ್ಲಿ ವಾಸವಿದ್ದರೆ ಹಾಸನದಲ್ಲೇ ದೂರು ಕೊಡಬಹುದು. ನೀವು ಕೊಟ್ಟ ಪ್ರತಿಫಲ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ‘ಇಲ್ಲಿ ಬರಲ್ಲ, ಅವರ ಊರಿಗೆ ಹೋಗಿ’ ಎಂದು ಕೌಂಟರಿನಲ್ಲಿ ಹೇಳಿದರೆ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಎಂದು ಹೇಳಿ, ಹಿಂಬರಹ ಕೊಡಿ ಎನ್ನಿ. ಹಿಂಬರಹ ಎಂದ ಕೂಡಲೇ ಅರ್ಜಿ ಒಳಗೆ ಹೋಗುತ್ತದೆ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಸಲ್ಲಬೇಕು. ‘ಕೊಡ್ತೀನಿ, ಕೊಡ್ತೀನಿ’ ಎಂದು ಮಾಲೀಕ ಎಳೆದ ಕಾಲವೂ ಅದರಲ್ಲೇ ಕಳೆಯುತ್ತದೆ.

ಇಲ್ಲೊಂದು ಸಣ್ಣ ಗುಂಡಿಯಿದೆ. ಅತಿಯಾದ ಡಿಪಾಸಿಟ್, ನಷ್ಟಕ್ಕೆ ಮೀರಿದ ದಂಡ ಇವೆಲ್ಲ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ‘ಅನ್ಯಾಯದ ಕರಾರು’. ಆದರೆ ಆ ಹೆಸರಿನಲ್ಲಿ ದೂರು ಕೊಡಬೇಕಾದ್ದು ರಾಜ್ಯ ಆಯೋಗದಲ್ಲಿ, ಜಿಲ್ಲೆಯಲ್ಲಲ್ಲ. ಜಿಲ್ಲೆಯಲ್ಲಿ ಸೇವಾ ನ್ಯೂನತೆ, ಅನುಚಿತ ವ್ಯಾಪಾರ ಪದ್ಧತಿ ಎಂದೇ ಬರೆಯಿರಿ. ಟೈಪಿಂಗ್ ಅಂಗಡಿಯವರು ಕಂಡದ್ದೆಲ್ಲ ಸೇರಿಸಿ ಅರ್ಜಿ ಮಾಡಿಕೊಟ್ಟು, ಅದು ವ್ಯಾಪ್ತಿಯ ಪ್ರಶ್ನೆಯಲ್ಲೇ ಸಿಕ್ಕಿಕೊಂಡು ಕೊಳೆಯುತ್ತದೆ.

ಮೂರು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾಯ್ದೆಯಲ್ಲಿದೆ. ಅಷ್ಟರಲ್ಲಿ ಮುಗಿಯುತ್ತದೆಂದು ನಂಬಿ ಬರಬೇಡಿ. ವಕೀಲರನ್ನು ಇಡುವ ಶಕ್ತಿ ಇಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ, ಹಾಗಾಗಿ ಕರಾರನ್ನು ವಧುವಿನ ತಾಯಿಯ ಹೆಸರಿನಲ್ಲಿ ಮಾಡಿಕೊಂಡಿದ್ದರೆ ಅನುಕೂಲ. ಆದೇಶ ಕೈಗೆ ಬಂದ ಮೇಲೆ ಹಣ ತಾನಾಗಿ ಖಾತೆಗೆ ಬೀಳುತ್ತದೆಂದು ಕಾದು ಕುಳಿತವರೂ ಇದ್ದಾರೆ. ಎದುರುದಾರ 45 ದಿನದೊಳಗೆ ಮೇಲ್ಮನವಿ ಹೋಗಬಹುದು, ಹಾಗೆ ಹೋಗಲು ಆದೇಶದ ಅರ್ಧ ಮೊತ್ತವನ್ನು ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಎಂದಾದರೆ ಅದೇ ಆಯೋಗದಲ್ಲಿ 71 ಮತ್ತು 72ನೇ ಕಲಂ ಪ್ರಕಾರ ಜಾರಿ ಅರ್ಜಿಯನ್ನು ನೀವೇ ಹಾಕಬೇಕು. ಎದುರುದಾರನ ಈಗಿನ ವಿಳಾಸವನ್ನು ಆ ಅರ್ಜಿಯಲ್ಲಿ ಬರೆಯಬೇಕಾಗುತ್ತದೆ. ಬಿಲ್ ಇಲ್ಲದವರು ಮತ್ತೆ ಗೋಡೌನ್ ಹುಡುಕಿಕೊಂಡು ಹೊರಡುವುದು ಆಗ.